ಕ್ರೇನಿನ ಕೆಳಗಿಂದ ಕಾಣುವ ಕೀ ವೆಸ್ಟ್

ಅಮೆರಿಕದ ಫ್ಲಾರಿಡಾದ ದಕ್ಷಿಣ ತುದಿಯಲ್ಲಿರುವ ಕೀ ವೆಸ್ಟ್ ದ್ವೀಪದಲ್ಲಿ ನವೆಂಬರ್ ಬಂತೆಂದರೆ ಟ್ರೂಮನ್ ವಾಟರ್‌ಫ್ರಂಟಿನ ಬಯಲು ಟ್ರೇಲರುಗಳಿಂದ ತುಂಬುತ್ತದೆ. ಆಫ್‌ಶೋರ್ ಪವರ್‌ಬೋಟ್ ರೇಸಿನ, ಅಂದರೆ ಕಡಲಿನಲ್ಲಿ ನಡೆಯುವ ಮೋಟಾರು ದೋಣಿಗಳ ಓಟದ ಮಟ್ಟಿಗೆ ಇದು ವರ್ಷದ ದೊಡ್ಡ ಜಾತ್ರೆ. ಬುಧವಾರ, ಶುಕ್ರವಾರ, ಭಾನುವಾರ ಓಟ. ನಡುವಿನ ದಿನಗಳಲ್ಲಿ ರಿಪೇರಿ. ಮ್ಯಾಲರಿ ಚೌಕದ ದಂಡೆಯಲ್ಲಿ ನಿಂತವರಿಗೆ ನೀರು ಸೀಳುತ್ತಾ ಹೋಗುವ ದೋಣಿ ಕಾಣುತ್ತದೆ, ಸದ್ದು ಎದೆಗೆ ಬಡಿಯುತ್ತದೆ. ಆದರೆ ಯಾವ ದೋಣಿ ಯಾವುದರ ಜತೆ ಓಡುತ್ತಿದೆ, ಮುಂದಿರುವವನು ನಿಜವಾಗಿ ಗೆಲ್ಲುತ್ತಿದ್ದಾನೆಯೇ ಎಂದು ಕೇಳಿದರೆ ಪಕ್ಕದವನಿಗೂ ಗೊತ್ತಿರುವುದಿಲ್ಲ. ಅದು ತಿಳಿಯಬೇಕಾದರೆ ಬೆಳಗ್ಗೆ ಬೇಗ ಎದ್ದು ಕ್ರೇನಿನ ಕೆಳಗೆ ಹೋಗಬೇಕು.

ಪ್ರತಿ ದೋಣಿಯನ್ನೂ ಎರಡು ಅಗಲ ಪಟ್ಟಿಗಳಲ್ಲಿ ತೂಗುಹಾಕಿ ನೀರಿಗೆ ಇಳಿಸುತ್ತಾರೆ. ಕೊಕ್ಕೆಗೂ ಪಟ್ಟಿಗೂ ನಡುವೆ ಲೋಡ್ ಸೆಲ್ ಇರುತ್ತದೆ, ಅದೇ ತಕ್ಕಡಿ. ಕ್ಲಾಸಿನ, ಅಂದರೆ ದೋಣಿ ಓಡುವ ವಿಭಾಗದ, ಕನಿಷ್ಠ ತೂಕಕ್ಕಿಂತ ಕಡಿಮೆ ಬಂದರೆ ಕೂಟದಿಂದ ಹೊರಗೆ. ಕೇಳಲು ಸರಳ, ಮಾಡಲು ಅಲ್ಲ. ಒದ್ದೆಯಾದ ಪಟ್ಟಿ ಒಣ ಪಟ್ಟಿಗಿಂತ ಭಾರ. ಹಾಗಾಗಿ ಪಟ್ಟಿ, ಕೊಂಡಿ ಎಲ್ಲ ನೇತುಹಾಕಿದ ಮೇಲೆಯೇ ಸೊನ್ನೆ ಒತ್ತಬೇಕು, ಮತ್ತು ಪ್ರತಿ ನಾಲ್ಕೈದು ದೋಣಿಗೊಮ್ಮೆ ಮತ್ತೆ ಒತ್ತಬೇಕು. ದೋಣಿ ಓಲಾಡುತ್ತಿದ್ದರೆ ಅಂಕಿ ನಿಲ್ಲುವುದಿಲ್ಲ. ಹಗ್ಗ ಹಿಡಿದವರು ಕೈಬಿಟ್ಟು, ತೂಗಾಟ ನಿಂತ ಮೇಲೆ ಓದಬೇಕು. ಓಟ ಮುಗಿಸಿ ಬಂದ ದೋಣಿಯ ಬಿಲ್ಜಿನಲ್ಲಿ, ಅಂದರೆ ತಳದ ಗುಳಿಯಲ್ಲಿ, ನೀರು ನಿಂತಿರುತ್ತದೆ. ಅದನ್ನು ಪೂರ್ತಿ ಬಸಿಯದೆ ತೂಗಿದರೆ ಸಮುದ್ರದ ನೀರೂ ದೋಣಿಯ ತೂಕಕ್ಕೆ ಸೇರುತ್ತದೆ. 50 ಲೀಟರ್ ನೀರೆಂದರೆ 50 ಕಿಲೋಗೂ ಹೆಚ್ಚು. ಕಡಿಮೆ ಬಿದ್ದ ತೂಕ ತುಂಬಲು ಸೀಸದ ಗಟ್ಟಿ ಇಡುವವರಿದ್ದಾರೆ. ಇಡಲಿ, ಆದರೆ ಬೋಲ್ಟ್ ಹಾಕಿ ಬಿಗಿಯಬೇಕು. ಬರೀ ಪಟ್ಟಿ ಸುತ್ತಿದ ಸೀಸ ನಾಲ್ಕನೇ ಅಲೆಗೆ ಕಿತ್ತುಬಂದು ಫೈಬರ್ ತಳವನ್ನು ಒಳಗಿನಿಂದಲೇ ಒಡೆಯುತ್ತದೆ.

ತೂಕದ ಬಗ್ಗೆ ಇಷ್ಟು ಹಟ ಏಕೆಂದರೆ ಇಲ್ಲಿನ ವೇಗದ ದೋಣಿಗಳೆಲ್ಲ ಕ್ಯಾಟಮರಾನ್‌ಗಳು. ಎರಡು ತಳಗಳ ನಡುವಿನ ಸುರಂಗದಲ್ಲಿ ನುಗ್ಗುವ ಗಾಳಿ ದೋಣಿಯನ್ನು ಎತ್ತುತ್ತದೆ, ನೀರಿನ ಎಳೆತ ಕಡಿಮೆಯಾಗುತ್ತದೆ. ಹಗುರವಾದಷ್ಟೂ ವೇಗ. ಅದೇ ಗಾಳಿ ಒಂದು ಅಲೆಯ ಮೇಲೆ ಮೂತಿಯನ್ನು ಸ್ವಲ್ಪ ಹೆಚ್ಚು ಎತ್ತಿದರೆ ದೋಣಿ ಹಿಂದಕ್ಕೆ ಮಗುಚುತ್ತದೆ. ಕನಿಷ್ಠ ತೂಕ ಸಮಬಲದ ನಿಯಮವೂ ಹೌದು, ಜೀವ ಉಳಿಸುವ ನಿಯಮವೂ ಹೌದು. ಕಂಬಳದಲ್ಲಿ ಕೋಣದ ಹಲ್ಲು ನೋಡಿ ಹಿರಿಯವೋ ಕಿರಿಯವೋ ಎಂದು ಗೆರೆ ಎಳೆದಂತೆ, ಇಲ್ಲಿ ಲೋಡ್ ಸೆಲ್ಲಿನ ಅಂಕಿ. ಅದರ ಬಗ್ಗೆ ಅನುಮಾನ ಹುಟ್ಟಿತೋ, ಇಡೀ ವಿಭಾಗಕ್ಕೆ ಅರ್ಥವಿಲ್ಲ.

ತೂಕದ ನಂತರ ಎಂಜಿನ್. ಕ್ಲಾಸುಗಳ ನಡುವಿನ ಅಂತರ ಕಣ್ಣಿಗೆ ರಾಚುವುದು ಇಲ್ಲಿಯೇ. ಸೂಪರ್ ಸ್ಟಾಕ್ ದೋಣಿಗಳಿಗೆ 300 ಅಶ್ವಶಕ್ತಿಯ ಎರಡು ಔಟ್‌ಬೋರ್ಡ್‌ಗಳು, ಅಂದರೆ ದೋಣಿಯ ಹಿಂಬದಿಗೆ ಹೊರಗೆ ತಗುಲಿಸುವ ಎಂಜಿನ್‌ಗಳು. ಅವು ಕಾರ್ಖಾನೆಯಿಂದ ಬಂದ ಹಾಗೇ ಮೊಹರಾಗಿ ಇರಬೇಕು. ಸೀಲಿನ ನಂಬರ್ ಪಟ್ಟಿಯಲ್ಲಿದೆಯೇ ನೋಡು, ಸೀಲಿನ ತಂತಿ ತುಂಡಾಗಿದೆಯೇ ನೋಡು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ (ಇಸಿಯು) ಲ್ಯಾಪ್‌ಟಾಪ್ ಜೋಡಿಸಿ ದಾಖಲೆ ಇಳಿಸಿಕೋ. ಸೀಲ್ ಸರಿಯಿದ್ದರೆ ಒಂದು ದೋಣಿಗೆ ಹದಿನೈದು ನಿಮಿಷ ಸಾಕು. ಸೂಪರ್ ಕ್ಯಾಟ್‌ನದು ಬೇರೆ ಕತೆ: ತಂಡಗಳು ಕಟ್ಟಿಸಿಕೊಂಡ ದೊಡ್ಡ ವಿ8 ಎಂಜಿನ್‌ಗಳು. ಯಾರಾದರೂ ದೂರು ಕೊಟ್ಟರೆ ಹೆಡ್ ಬಿಚ್ಚಬೇಕು, ಸಿಲಿಂಡರಿನ ವ್ಯಾಸ ಅಳೆಯಬೇಕು, ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ಎಷ್ಟು ಎತ್ತುತ್ತದೆಂದು ಡಯಲ್ ಗೇಜ್ ಇಟ್ಟು ನೋಡಬೇಕು. ಅರ್ಧ ದಿನ ಹೋಯಿತು. ಕ್ಲಾಸ್ ಒನ್‌ನಲ್ಲಿ ಮರ್ಕ್ಯುರಿ ರೇಸಿಂಗ್‌ನ 1100 ಅಶ್ವಶಕ್ತಿಯ ಎಂಜಿನ್ ಎರಡು. ಗಂಟೆಗೆ 160 ಮೈಲಿ, ಅಂದರೆ ಸುಮಾರು 257 ಕಿಲೋಮೀಟರ್ ಅವಕ್ಕೆ ಮಾಮೂಲು.

ಬ್ರಾಕೆಟ್ ಕ್ಲಾಸುಗಳಲ್ಲಿ ಎಂಜಿನ್ ಯಾವುದಿದ್ದರೂ ಅಡ್ಡಿಯಿಲ್ಲ. ಮೀರಬಾರದ ವೇಗ ಇಷ್ಟು ಎಂದು ಗೆರೆ ಎಳೆದು, ದೋಣಿಯಲ್ಲಿ ಜಿಪಿಎಸ್ ದಾಖಲೆಯ ಪೆಟ್ಟಿಗೆ ಇಡುತ್ತಾರೆ. ಮೀರಿದರೆ ದಂಡ. ವಾರಾಂತ್ಯದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ದೋಣಿಗೇ ಸುರಕ್ಷತಾ ಸಾಮಾನು ಸೇರಿಸಿ ರೇಸಿಗೆ ತರಬಹುದಾದ ದಾರಿ ಇದೊಂದೇ. ಇದನ್ನು ರೇಸೇ ಅಲ್ಲ ಎಂದು ಮೂಗು ಮುರಿಯುವವರು ಬಹಳ. ಆದರೆ ದಂಡೆಯಲ್ಲಿ ದೋಣಿಗಳ ಸಂಖ್ಯೆ ಎಣಿಸಿದರೆ ಕೂಟವನ್ನು ಹೊತ್ತು ನಿಂತಿರುವವರು ಇವರೇ.

ಮೂರನೆಯದು ಸುರಕ್ಷತೆ. ಕಾಕ್‌ಪಿಟ್ಟಿನ ಮೇಲಿನ ಮುಚ್ಚಳ, ಅಂದರೆ ಕ್ಯಾನೊಪಿಯ ಚಿಲಕ ಒಳಗಿನಿಂದಲೂ ಹೊರಗಿನಿಂದಲೂ ತೆರೆಯುತ್ತದೆಯೇ? ಮಗುಚಿದಾಗ ಹೊರಬರಲು ತಳದಲ್ಲಿರುವ ಕಿಂಡಿ ಅಂಟಿಕೊಂಡಿಲ್ಲ ತಾನೆ? ಉಸಿರಾಟದ ಬಾಟಲಿಯಲ್ಲಿ ಒತ್ತಡ ಎಷ್ಟು, ಬೆಲ್ಟ್ ಬಿಗಿದು ಕೂತವರ ಕೈ ಅದಕ್ಕೆ ಎಟಕುತ್ತದೆಯೇ? ಡ್ರೈವರ್ ಚುಕ್ಕಾಣಿ ಹಿಡಿಯುತ್ತಾನೆ, ಪಕ್ಕದ ಥ್ರಾಟಲ್‌ಮ್ಯಾನ್ ಪ್ರತಿ ಅಲೆಗೂ ಶಕ್ತಿ ಏರಿಸಿ ಇಳಿಸುತ್ತಾನೆ. ಇಬ್ಬರೂ ಮೊದಲೇ ಈಜುಕೊಳದಲ್ಲಿ ತಲೆಕೆಳಗಾದ ಪಂಜರದಿಂದ ಹೊರಬರುವ ಪರೀಕ್ಷೆ ಪಾಸಾಗಿರಬೇಕು. ಈ ನಿಯಮಗಳ ಹಿಂದೆ ಸಾವುಗಳಿವೆ. ಫಾರ್ಮುಲಾ ಒನ್ ಚಾಲಕನಾಗಿದ್ದ ದಿದಿಯೆ ಪಿರೋನಿ 1987ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ಬಳಿ, ತೈಲ ಹಡಗೊಂದು ಎಬ್ಬಿಸಿದ ಅಲೆಗೆ ದೋಣಿ ಮಗುಚಿ ಸಹಚರರಿಬ್ಬರೊಂದಿಗೆ ತೀರಿಕೊಂಡ. ಮೊನಾಕೊ ರಾಜಮನೆತನದ ಅಳಿಯ ಸ್ಟೆಫಾನೊ ಕಾಸಿರಾಗಿ 1990ರ ಅಕ್ಟೋಬರ್ 3ರಂದು ವಿಶ್ವ ಪಟ್ಟ ಉಳಿಸಿಕೊಳ್ಳಲು ಓಡುವಾಗ ಸತ್ತ. ಅದು ತೆರೆದ ಕಾಕ್‌ಪಿಟ್‌ನ ದೋಣಿ. ಮುಚ್ಚಿದ ಕಾಕ್‌ಪಿಟ್ ಮತ್ತು ಬೆಲ್ಟ್‌ಗಳ ಬಗ್ಗೆ ಬಿಗಿ ಬಂದದ್ದು ಆ ನಂತರ. ಹಾಗಿದ್ದೂ 2011ರಲ್ಲಿ ಇದೇ ಕೀ ವೆಸ್ಟಿನಲ್ಲಿ ಒಂದೇ ವಾರದಲ್ಲಿ ಮೂವರು ಹೋದರು.

ಇನ್ನು ನೀರಿಗೆ. ಓಟ ಶುರುಮಾಡಿಸುವ ಪೇಸ್ ಬೋಟ್ ಹಳದಿ ಬಾವುಟ ಹಿಡಿದು ಮುಂದೆ ಹೋಗುತ್ತದೆ, ದೋಣಿಗಳು ಅಡ್ಡಸಾಲಿನಲ್ಲಿ ಅದರ ಪಕ್ಕಕ್ಕೆ ಬರುತ್ತವೆ, ಸಾಲು ನೆಟ್ಟಗಾದಾಗ ಹಸಿರು ಏಳುತ್ತದೆ. ದೋಣಿಗೆ ಬ್ರೇಕಿಲ್ಲ, ನಿಂತಲ್ಲಿಂದ ಹೊರಡುವ ಮಾತೂ ಇಲ್ಲ. ಕ್ಲಾಸ್ ರಚನೆಯ ನಿಜವಾದ ಪರೀಕ್ಷೆ ಮುಂದಿನ ಕೆಲವೇ ನಿಮಿಷಗಳಲ್ಲಿದೆ.

ಲೆಕ್ಕ ಹೀಗೆ: ಒಂದು ಸುತ್ತಿನ ಉದ್ದವನ್ನು ವೇಗಗಳ ವ್ಯತ್ಯಾಸದಿಂದ ಭಾಗಿಸಿದರೆ, ಮುಂದಿನವನು ಹಿಂದಿನವನಿಗೆ ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ಅವನ ಬೆನ್ನಿಗೆ ಬರುವ ಸಮಯ ಸಿಗುತ್ತದೆ. ಐದು ಮೈಲಿಯ ಸುತ್ತು ಇಟ್ಟುಕೊಳ್ಳಿ. 160 ಮೈಲಿ ವೇಗದ ದೋಣಿಯ ಜತೆ 80 ಮೈಲಿಯದನ್ನು ಬಿಟ್ಟರೆ ಮೂರೂಮುಕ್ಕಾಲು ನಿಮಿಷಕ್ಕೆ ಒಮ್ಮೆ ಅದನ್ನು ಹಾಯಬೇಕು. ಹತ್ತಿರವಾಗುವ ವೇಗ ಸೆಕೆಂಡಿಗೆ ಸುಮಾರು 36 ಮೀಟರ್. 200 ಮೀಟರ್ ಮುಂದೆ ಕಂಡ ದೋಣಿಯನ್ನು ಐದೂವರೆ ಸೆಕೆಂಡಿನಲ್ಲಿ ಮುಟ್ಟಿಬಿಡುತ್ತೀರಿ, ಅದೂ ಮುಂದಿನ ದೋಣಿಗಳು ಚಿಮ್ಮಿಸಿದ ನೀರಿನ ಗೋಡೆಯ ಹಿಂದಿನಿಂದ. 110ರ ಸೂಪರ್ ಸ್ಟಾಕ್ ಆದರೆ ಆರು ನಿಮಿಷ. ವ್ಯತ್ಯಾಸವನ್ನು 25 ಮೈಲಿಗೆ ಕಟ್ಟಿಹಾಕಿದರೆ ಹನ್ನೆರಡು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಗುಂಪು ಚದುರಿ ಹಾಯಲು ಜಾಗ ಬಂದಿರುತ್ತದೆ.

ವೇಗ ಒಂದೇ ಇದ್ದರೂ ಸಾಲದು. ವಿ ಆಕಾರದ ತಳದ ದೋಣಿ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ; ಕ್ಯಾಟಮರಾನ್ ಚಪ್ಪಟೆಯಾಗಿ ಜಾರಿಕೊಂಡು ತಿರುಗುತ್ತದೆ. ಎರಡರ ದಾರಿಯೂ ಬೇರೆ, ತಿರುವು ತೋರಿಸಲು ತೇಲಿಬಿಟ್ಟ ಬುರುಡೆಯ (ಬಾಯ್) ಹತ್ತಿರ ಒಂದಕ್ಕೊಂದು ಅಡ್ಡ ಬರುತ್ತವೆ. ನೀರು ಕನ್ನಡಿಯಂತಿದ್ದರೆ ಕ್ಯಾಟಮರಾನ್ ಗೆಲ್ಲುತ್ತದೆ, ಅಲೆ ಎದ್ದರೆ ವಿ ತಳಕ್ಕೆ ಅವಕಾಶ. ಎರಡನ್ನೂ ಒಂದೇ ಕ್ಲಾಸಿಗೆ ಹಾಕಿದರೆ ಟ್ರೋಫಿ ಯಾರಿಗೆಂದು ತೀರ್ಮಾನಿಸುವುದು ಆ ದಿನದ ಗಾಳಿ.

ಇಷ್ಟೆಲ್ಲ ಗೊತ್ತಿದ್ದೂ ಕೂಟದ ಪಟ್ಟಿಯಲ್ಲಿ ಹತ್ತು ಹನ್ನೆರಡು ಕ್ಲಾಸುಗಳು, ಕೆಲವದರಲ್ಲಿ ಎರಡೇ ದೋಣಿ. ಇದು ಬಂದ ದಾರಿಯನ್ನು ನೋಡಿ. 1956ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವಿಗೆ ಓಡಿದಾಗ ಮೊದಲು ದಡ ಮುಟ್ಟಿದವನೇ ಗೆದ್ದವನು: ಸ್ಯಾಮ್ ಗ್ರಿಫಿತ್. 1960ರಲ್ಲಿ ಅದೇ ಓಟವನ್ನು, ಸಮುದ್ರ ಉಕ್ಕುತ್ತಿದ್ದಾಗ, ರೇ ಹಂಟ್ ರೂಪಿಸಿದ ಆಳವಾದ ವಿ ತಳದ 'ಮಾಪಿ'ಯಲ್ಲಿ ರಿಚರ್ಡ್ ಬರ್ಟ್ರಮ್ ಗೆದ್ದು ದೋಣಿ ಕಟ್ಟುವ ರೀತಿಯನ್ನೇ ಬದಲಿಸಿದ. 1961ರಲ್ಲಿ ಇಂಗ್ಲೆಂಡಿನ ಕೌಸ್–ಟಾರ್ಕೀ ಓಟ ಶುರುವಾಯಿತು. ಆಮೇಲೆ ಎಂಜಿನ್ ಗಾತ್ರಕ್ಕೆ ಸಾವಿರ ಕ್ಯುಬಿಕ್ ಇಂಚಿನ ಮಿತಿ ಬಂತು. 80ರ ದಶಕದಲ್ಲಿ ದುಡ್ಡಿದ್ದವರಿಗೆ ಆ ಮಿತಿ ಸಾಲದೆ ಮೂರು, ನಾಲ್ಕು ಎಂಜಿನ್ ಹಾಕಿದ ದೈತ್ಯ ದೋಣಿಗಳು ಬಂದವು, ಅವಕ್ಕಾಗಿ ಸೂಪರ್‌ಬೋಟ್ ಕ್ಲಾಸ್ ಹುಟ್ಟಿತು. ಮಾದರಿ ಅಲ್ಲಿಂದ ಗಟ್ಟಿಯಾಯಿತು: ಇರುವ ಕ್ಲಾಸಿಗೆ ಹೊಂದದ ದೋಣಿಯೊಂದಿಗೆ ಒಬ್ಬ ಶ್ರೀಮಂತ ಬಂದರೆ, ಅವನನ್ನು ವಾಪಸ್ ಕಳಿಸುವ ಬದಲು ಹೊಸ ಕ್ಲಾಸ್. ಪ್ರವೇಶ ಶುಲ್ಕ ಬರುತ್ತದಲ್ಲ!

ಇದರ ಮೇಲೆ ಸಂಘಟನೆಗಳ ಒಡಕು. ಮೊನಾಕೊದಲ್ಲಿ ಕಚೇರಿಯಿರುವ ಯುಐಎಂ ಪವರ್‌ಬೋಟ್ ರೇಸಿನ ಜಾಗತಿಕ ಸಂಸ್ಥೆ. ಅಮೆರಿಕದಲ್ಲಿ ಅದರ ಪ್ರತಿನಿಧಿ 1903ರಲ್ಲಿ ಹುಟ್ಟಿದ ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್ (ಎಪಿಬಿಎ). ಆದರೆ 2010ರ ದಶಕದಲ್ಲಿ ಸೂಪರ್ ಬೋಟ್ ಇಂಟರ್‌ನ್ಯಾಷನಲ್ ಒಂದು ಕಡೆ, ಆಫ್‌ಶೋರ್ ಪವರ್‌ಬೋಟ್ ಅಸೋಸಿಯೇಷನ್ ಇನ್ನೊಂದು ಕಡೆ ಕೂಟ ನಡೆಸುತ್ತಿದ್ದವು. ವೇಳಾಪಟ್ಟಿ ಬೇರೆ, ನಿಯಮ ಪುಸ್ತಕ ಬೇರೆ, ವಿಶ್ವ ಚಾಂಪಿಯನ್‌ಗಳೂ ಬೇರೆ. 2019ರಿಂದ ಕೀ ವೆಸ್ಟನ್ನು ರೇಸ್ ವರ್ಲ್ಡ್ ಆಫ್‌ಶೋರ್ ನಡೆಸತೊಡಗಿತು. ಎಂಟು ದೋಣಿಗಳಿರುವ ವಿಭಾಗ ಎರಡು ಕಡೆ ಹಂಚಿಹೋದರೆ ಎರಡೂ ಕಡೆ ನಾಲ್ಕು ನಾಲ್ಕು. ಪ್ರಾಯೋಜಕ ಎರಡು ಕಡೆಯಿಂದಲೂ ದೂರ.

ಎಲ್ಲರಿಗೂ ಒಂದೇ ಅಚ್ಚಿನ ದೋಣಿ ಕೊಟ್ಟುಬಿಡೋಣ ಎಂಬ ಮದ್ದನ್ನೂ ಪ್ರಯೋಗಿಸಿದ್ದಾರೆ. ಪಿ1 ಸೂಪರ್‌ಸ್ಟಾಕ್‌ನಲ್ಲಿ 28 ಅಡಿಯ ಪ್ಯಾಂಥರ್ ದೋಣಿ, 250 ಅಶ್ವಶಕ್ತಿಯ ಒಂದೇ ಔಟ್‌ಬೋರ್ಡ್. 2017ರ ಮಾರ್ಚ್‌ನಲ್ಲಿ ಮುಂಬಯಿಯ ಮರೀನ್ ಡ್ರೈವ್ ಎದುರು ಮೂರು ದಿನ ಓಡಿದ್ದು ಇವೇ. ಪೈಪೋಟಿ ಹತ್ತಿರದ್ದು, ಪ್ರೇಕ್ಷಕನಿಗೆ ಸುಲಭವಾಗಿ ಅರ್ಥವಾಗುತ್ತದೆ. ಆದರೆ ದೋಣಿ ಕಟ್ಟುವವನಿಗೂ ಎಂಜಿನ್ ಹದಗೊಳಿಸುವವನಿಗೂ ಅಲ್ಲಿ ಕೆಲಸವಿಲ್ಲ. ನನಗೆ ಹೆಚ್ಚು ಒಪ್ಪಿತವಾಗುವುದು ಕೊಲ್ಲಿ ದೇಶಗಳ ಎಕ್ಸ್‌ಕ್ಯಾಟ್ ಮಾದರಿ: ಎಂಜಿನ್ ಎಲ್ಲರಿಗೂ ಒಂದೇ, 400 ಅಶ್ವಶಕ್ತಿಯ ಜೋಡಿ ಔಟ್‌ಬೋರ್ಡ್, ತಳವನ್ನು ಮಿತಿಯೊಳಗೆ ಅವರವರೇ ಕಟ್ಟಿಸಿಕೊಳ್ಳಲಿ.

ಹಾಗಾದರೆ ಏನು ಮಾಡಬೇಕು? ಅಶ್ವಶಕ್ತಿಯಿಂದ ಶುರುಮಾಡಬಾರದು, ದೋಣಿಗಳ ಎಣಿಕೆಯಿಂದ ಶುರುಮಾಡಬೇಕು. ಹಿಂದಿನ ಋತುವಿನಲ್ಲಿ ಸರಾಸರಿ ಐದು ದೋಣಿ ಬಾರದ ಕ್ಲಾಸಿಗೆ ರಾಷ್ಟ್ರೀಯ ಪಟ್ಟ ಇಲ್ಲ. ಅವರಿಗೆ ಒಂದು ಋತುವಿನ ಗಡುವು, ಆಮೇಲೆ ಪಕ್ಕದ ಕ್ಲಾಸಿಗೆ ತೂಕ ಸೇರಿಸಿಕೊಂಡು ಹೋಗಬೇಕು. ಅಂಕಗಳು ಹೊರಟ ದೋಣಿಗಳ ಸಂಖ್ಯೆಗೆ ತಕ್ಕಂತಿರಲಿ, ಇಬ್ಬರಲ್ಲಿ ಮೊದಲಿಗನಾದವನಿಗೂ ಒಂಬತ್ತರಲ್ಲಿ ಮೊದಲಿಗನಾದವನಿಗೂ ಒಂದೇ ಅಂಕ ಬೇಡ. ಒಂದು ಓಟದಲ್ಲಿ ಎರಡು ಮೂರು ಕ್ಲಾಸ್ ಸೇರಿಸುವುದು ಅನಿವಾರ್ಯ, ಏಕೆಂದರೆ ಮೇಲೆ ಹಾರುವ ಹೆಲಿಕಾಪ್ಟರು, ಅದರಲ್ಲಿನ ಮುಳುಗುಗಾರರು, ಆಂಬುಲೆನ್ಸು, ಗಸ್ತು ದೋಣಿ ಎಲ್ಲವೂ ಗಂಟೆ ಲೆಕ್ಕದಲ್ಲಿ ಖರ್ಚು. ಆದರೆ ಸೇರಿಸುವಾಗ 25 ಮೈಲಿಯ ಗೆರೆ ದಾಟಬಾರದು, ವಿ ತಳವನ್ನೂ ಕ್ಯಾಟಮರಾನನ್ನೂ ಒಟ್ಟಿಗೆ ಬಿಡಬಾರದು.

ತಪಾಸಣೆಗಾರನ ಸಂಬಳವನ್ನು ಕೂಟ ನಡೆಸುವವನು ಕೊಡಬಾರದು. ಹೆಚ್ಚು ದೋಣಿ ಕರೆತಂದ ತಂಡವನ್ನು ಹೊರಹಾಕಿದರೆ ಮುಂದಿನ ಕೂಟಕ್ಕೆ ಅವರು ಬರುವುದಿಲ್ಲ ಎಂಬ ಭಯ ಸಂಘಟಕನಿಗೆ ಇದ್ದೇ ಇರುತ್ತದೆ. ಆ ಭಯ ಲೋಡ್ ಸೆಲ್ ಓದುವವನಿಗೆ ಇರಬಾರದು. ಪ್ರತಿ ದೋಣಿಯ ಪ್ರವೇಶ ಶುಲ್ಕದಲ್ಲಿ ಒಂದು ಪಾಲು ನೇರವಾಗಿ ರಾಷ್ಟ್ರೀಯ ಸಂಸ್ಥೆಗೆ ಹೋಗಿ, ಅಲ್ಲಿಂದ ತಪಾಸಣೆಗಾರನಿಗೆ ಬರಲಿ. ಒಂದೇ ತಕ್ಕಡಿ ಊರಿಂದೂರಿಗೆ ಹೋಗಲಿ. ಬೇರೆ ಬೇರೆ ತಕ್ಕಡಿಗಳ ನಡುವಿನ ವ್ಯತ್ಯಾಸದಿಂದ ಹುಟ್ಟುವ ಜಗಳ, ಕದ್ದು ತೂಕ ಇಳಿಸಿದವರಿಂದ ಹುಟ್ಟುವ ಜಗಳಕ್ಕಿಂತ ಕಡಿಮೆಯೇನಲ್ಲ.

ವೇಳಾಪಟ್ಟಿಯ ವಿಷಯದಲ್ಲಿ ಕಾನೂನೇ ಒಂದು ಶಿಸ್ತು ಹಾಕಿದೆ. ಅಮೆರಿಕದಲ್ಲಿ ಹೊಸ ಕೂಟಕ್ಕೆ ಕೋಸ್ಟ್ ಗಾರ್ಡ್ ಪರವಾನಗಿ ಬೇಕಾದರೆ 135 ದಿನ ಮುಂಚೆ ಅರ್ಜಿ ಹಾಕಬೇಕು. ಅಂದರೆ ಜೂನ್ ಮೊದಲ ವಾರದ ಓಟದ ಕಾಗದ ಜನವರಿಯಲ್ಲೇ ಹೋಗಿರಬೇಕು. ಸಂಘಟಕರು ನವೆಂಬರ್‌ನಲ್ಲಿ, ಎಲ್ಲರೂ ಕೀ ವೆಸ್ಟಿನಲ್ಲಿ ಸೇರಿರುವಾಗಲೇ, ಮುಂದಿನ ವರ್ಷದ ದಿನಾಂಕಗಳನ್ನು ಒಂದೇ ಮೇಜಿನಲ್ಲಿ ಕೂತು ಹಂಚಿಕೊಂಡರೆ ಒಂದೇ ವಾರಾಂತ್ಯದಲ್ಲಿ ಎರಡು ಕೂಟ ಬೀಳುವ ತೊಂದರೆ ತಪ್ಪುತ್ತದೆ.

ನಿಯಮ ಬದಲಾವಣೆಯೂ ಆ ಮೇಜಿನಲ್ಲೇ ಆಗಬೇಕು, ಮತ್ತು ಅಪರೂಪಕ್ಕೆ ಆಗಬೇಕು. ಹೊಸ ತಳದ ಅಚ್ಚು ಮಾಡಿ, ದೋಣಿ ಎರಕ ಹೊಯ್ದು, ಎಂಜಿನ್ ಕೂರಿಸಿ, ಪ್ರೊಪೆಲ್ಲರ್ ಹೊಂದಿಸುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಮಾರ್ಚ್‌ನಲ್ಲಿ ಕನಿಷ್ಠ ತೂಕ ಬದಲಿಸಿದರೆ ಆ ದೋಣಿ ನೀರಿಗಿಳಿಯುವ ಮೊದಲೇ ಹಳತು, ಅದನ್ನು ಕೊಳ್ಳುವವನೂ ಇಲ್ಲ. ಎಂಜಿನ್ ಮತ್ತು ತಳದ ನಿಯಮ ಮೂರು ವರ್ಷ ಮುಟ್ಟಬಾರದು. ತೂಕದ ಅಂಕಿ ಮಾತ್ರ ವರ್ಷಕ್ಕೊಮ್ಮೆ, ಡಿಸೆಂಬರ್ 31ರೊಳಗೆ ಪ್ರಕಟವಾಗಬೇಕು. ಸುರಕ್ಷತೆಯ ನಿಯಮ ಇದಕ್ಕೆ ಹೊರತು. ಅದು ಮರುದಿನದಿಂದಲೇ ಜಾರಿ, ಭಾನುವಾರದ ಓಟಕ್ಕೆ ಶನಿವಾರ ಬೋಲ್ಟ್ ಬದಲಿಸಬೇಕಾಗಿ ಬಂದರೂ.