ಚಾತುರ್ಮಾಸ್ಯದ ಅಡುಗೆಮನೆ

ಆಷಾಢ ಶುಕ್ಲ ಏಕಾದಶಿಯ ದಿನ ಉಡುಪಿಯ ಶ್ರೀಕೃಷ್ಣ ಮಠದಲ್ಲಿ ತಪ್ತಮುದ್ರಾಧಾರಣೆಗೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಹೋಮಾಗ್ನಿಯಲ್ಲಿ ಕಾಸಿದ ಶಂಖ ಚಕ್ರಗಳ ಮುದ್ರೆಯನ್ನು ಯತಿಗಳು ತೋಳಿಗೆ ಒತ್ತುತ್ತಾರೆ, ಚುರುಕ್ಕೆಂದು ಉರಿಯುತ್ತದೆ, ಕೈಮುಗಿದು ಮಳೆಯಲ್ಲೇ ರಥಬೀದಿಗೆ ಇಳಿಯುತ್ತೇವೆ. ಮುದ್ರೆಯ ಉರಿ ಬೇಗ ಆರುತ್ತದೆ. ಆದರೆ ಶ್ರೀಹರಿಯು ಯೋಗನಿದ್ರೆಗೆ ತೆರಳುವ ಆ ದಿನದಿಂದ ಹಿಡಿದು ಕಾರ್ತಿಕ ಶುಕ್ಲ ದ್ವಾದಶಿಯಂದು ಆತ ಏಳುವವರೆಗೆ, ನಾವು ಉಣ್ಣುವ ಅನ್ನಕ್ಕೆ ಒಂದು ನಿಯಮ ಅಂಟಿಕೊಂಡಿರುತ್ತದೆ. ದೇಹಕ್ಕೆ ಹಿತವಾದದ್ದನ್ನು ಒಂದು ಕಡೆ, ಮನಸ್ಸಿಗೆ ಹಿತವಾದದ್ದನ್ನು ಇನ್ನೊಂದು ಕಡೆ ಹುಡುಕುತ್ತಾ ತಿರುಗುವ ಇಂದಿನ ಕಾಲದಲ್ಲಿ, ಈ ಎರಡನ್ನೂ ಒಂದೇ ಬಾಳೆಲೆಯಲ್ಲಿ ಬಡಿಸುವ ವ್ರತ ನಮ್ಮ ಮನೆಗಳಲ್ಲೇ ಇದೆ ಎಂಬುದನ್ನು ನೆನೆದಾಗ ಮನಸ್ಸು ತುಂಬಿ ಬರುತ್ತದೆ.

ಮಾಧ್ವ ಸಂಪ್ರದಾಯದ ಮನೆಗಳಲ್ಲಿ ಚಾತುರ್ಮಾಸ್ಯವೆನ್ನುವ ಈ ನಾಲ್ಕು ತಿಂಗಳಿಗೆ ನಾಲ್ಕು ವ್ರತಗಳು. ಮೊದಲನೆಯದು ಶಾಕವ್ರತ, ಅದರಲ್ಲಿ ತರಕಾರಿ, ಸೊಪ್ಪು, ಹಣ್ಣುಗಳು ವರ್ಜ್ಯ. ಎರಡನೆಯ ತಿಂಗಳಲ್ಲಿ ದಧಿವ್ರತ, ಮೊಸರಿಲ್ಲ. ಮೂರನೆಯದರಲ್ಲಿ ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಎರಡು ಹೋಳಾಗುವ ಬೇಳೆಕಾಳುಗಳಿಲ್ಲ. ಶ್ರೀಧರ, ಹೃಷೀಕೇಶ, ಪದ್ಮನಾಭ, ದಾಮೋದರ ಎಂಬ ಭಗವದ್ರೂಪಗಳಿಗೆ ಕ್ರಮವಾಗಿ ಇವು ಸಮರ್ಪಿತ. ಎಲ್ಲವನ್ನೂ ಒಮ್ಮೆಗೇ ಬಿಡು ಎಂದು ಶಾಸ್ತ್ರ ಹೇಳಲಿಲ್ಲ. ಒಂದನ್ನು ಬಿಟ್ಟಾಗ ಉಳಿದದ್ದರಿಂದ ದೇಹ ಪುಷ್ಟವಾಗಿರುತ್ತದೆ, ಬಿಟ್ಟ ಒಂದರ ಕಡೆಗೆ ಮಾತ್ರ ಮನಸ್ಸು ಎಚ್ಚರವಾಗಿರುತ್ತದೆ. ಈ ಜೋಡಣೆಯಲ್ಲಿರುವ ವಿವೇಕವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ.

ನಾಲ್ಕರಲ್ಲಿ ಶಾಕವ್ರತವೇ ಅಡುಗೆಯವರನ್ನು ಹೆಚ್ಚು ಪರೀಕ್ಷಿಸುತ್ತದೆ. ಶಾಕ ಎಂದರೆ ಬರಿಯ ಸೊಪ್ಪಲ್ಲ. ಬೇರು, ಎಲೆ, ಮೊಳಕೆ, ಕುಡಿ, ಕಾಯಿ, ಕಾಂಡ, ತೊಗಟೆ, ಹೂವು ಮುಂತಾಗಿ ಶಾಸ್ತ್ರದಲ್ಲಿ ಹತ್ತು ಬಗೆಯನ್ನು ಎಣಿಸಿದ್ದಾರೆ. ಹುಣಸೆಹುಳಿಯೂ ಹೋಯಿತು, ಹಸಿಮೆಣಸು ಒಣಮೆಣಸುಗಳೂ ಹೋದವು. ಬಗೆಬಗೆಯ ಕಾಯಿಪಲ್ಯಗಳ ಹುಳಿ, ಸಾಂಬಾರುಗಳಿಗೆ ಹೆಸರಾದ ಊರಿನಲ್ಲಿ ಇವಿಷ್ಟೂ ಇಲ್ಲದೆ ಒಂದು ತಿಂಗಳು ಉಣ್ಣಬೇಕು. ಉಳಿದದ್ದು ಅಕ್ಕಿ, ಗೋಧಿ, ಹೆಸರುಬೇಳೆ, ಉದ್ದು, ಕರಿಮೆಣಸು, ಜೀರಿಗೆ, ಬೆಲ್ಲ, ಹಾಲು, ಮೊಸರು, ತುಪ್ಪ. ಹಣ್ಣುಕಾಯಿಗಳ ಪೈಕಿ ಮಾವಿಗೆ ಮಾತ್ರ ರಿಯಾಯಿತಿ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬಲ್ಲಿ ಮನೆಯಿಂದ ಮನೆಗೆ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಹಿರಿಯರು ನಡೆಸಿಕೊಂಡು ಬಂದಂತೆ ನಡೆದರಾಯಿತು.

ನಮ್ಮ ಮನೆಯಲ್ಲಿ ಈ ತಿಂಗಳ ಸಿದ್ಧತೆ ವೈಶಾಖದಲ್ಲೇ ಆಗಿರುತ್ತದೆ. ಕಾಟುಮಾವಿನಕಾಯಿಗಳನ್ನು ತೊಟ್ಟಿನ ಸಮೇತ ಕೊಯ್ಯಿಸಿ, ತೊಳೆದು, ಒರೆಸಿ, ಅತ್ತೆಯವರು ಭರಣಿಯಲ್ಲಿ ಉಪ್ಪು ತುಂಬಿ ಇಡುತ್ತಿದ್ದರು. ಶಾಕವ್ರತದ ಮೊದಲ ದಿನ ಆ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಾಗ, ಕಾಯಿಗಳು ಸುಕ್ಕುಗಟ್ಟಿ ತಮ್ಮದೇ ಉಪ್ಪುನೀರಿನಲ್ಲಿ ಮುಳುಗಿರುತ್ತವೆ. ಒಂದನ್ನು ಹಿಂಡಿ, ಹೆಸರುಬೇಳೆ ಬೆಂದು ಒಡೆಯುತ್ತಿರುವಾಗ ಹಾಕಿ, ಮೇಲಿನಿಂದ ಕುಟ್ಟಿದ ಕರಿಮೆಣಸು ಉದುರಿಸಿ, ತುಪ್ಪದಲ್ಲಿ ಜೀರಿಗೆ ಸಿಡಿಸಿ ಒಗ್ಗರಣೆ ಕೊಟ್ಟರೆ ತೊವ್ವೆಯಾಯಿತು. ಮೊದಲೆರಡು ದಿನ ನಾಲಿಗೆ ಒಣಮೆಣಸಿನ ಖಾರವನ್ನೇ ಕೇಳುತ್ತದೆ. ಆಮೇಲೆ ಒಂದು ಬದಲಾವಣೆ ಆಗುತ್ತದೆ: ಹೆಸರುಬೇಳೆಗೆ ತನ್ನದೇ ಆದ ನಸುಸಿಹಿ ಇದೆ ಎಂಬುದು ಗೊತ್ತಾಗುತ್ತದೆ. ಕರಿಮೆಣಸಿನ ಖಾರ ನಾಲಿಗೆಯ ತುದಿಯಲ್ಲಿ ನಿಲ್ಲದೆ ಗಂಟಲಿನ ಹತ್ತಿರ ಬೆಚ್ಚಗೆ ಕೂರುತ್ತದೆ ಎಂಬುದು ಗೊತ್ತಾಗುತ್ತದೆ. ವರ್ಷವಿಡೀ ಅದೇ ಬೇಳೆಯನ್ನು ಉಂಡವರಿಗೆ ಅದರ ರುಚಿಯನ್ನು ತಿಳಿಸಿಕೊಡುವುದಕ್ಕೆ ಈ ವ್ರತ ಬರಬೇಕಾಗುತ್ತದೆ.

ಮಳೆಗಾಲದಲ್ಲಿ ಸೊಪ್ಪಿನಲ್ಲಿ ಹುಳ ಹೆಚ್ಚು, ತೇವಕ್ಕೆ ಪದಾರ್ಥಗಳು ಬೇಗ ಕೆಡುತ್ತವೆ, ಜಠರಾಗ್ನಿ ಮಂದವಾಗಿರುತ್ತದೆ, ಆದ್ದರಿಂದ ಹಿರಿಯರು ಹೀಗೆ ಮಾಡಿದರು ಎಂದು ಹಲವರು ವಿವರಿಸುತ್ತಾರೆ. ಆ ವಿವರಣೆಯಲ್ಲಿ ತಿರುಳಿದೆ. ಆದರೆ ಅದನ್ನೇ ವ್ರತದ ಮೂಲ ಕಾರಣವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆರೋಗ್ಯಕ್ಕಾಗಿ ಬಿಟ್ಟದ್ದು ಪಥ್ಯವಾಗುತ್ತದೆ. ಪಥ್ಯವು ರೋಗದ ಭಯದಿಂದ ಹುಟ್ಟುತ್ತದೆ, ಭಯ ತಗ್ಗಿದಂತೆ ಸಡಿಲವಾಗುತ್ತದೆ. ಭಗವಂತನ ಪ್ರೀತಿಗೆಂದು ಬಿಟ್ಟಾಗ ಬಿಡುವ ಕ್ರಿಯೆಯೇ ಪೂಜೆಯ ಒಂದು ಅಂಗವಾಗುತ್ತದೆ, ದೇಹಕ್ಕೆ ಸಿಗುವ ಲಾಭವು ಪ್ರಸಾದದಂತೆ ತಾನಾಗಿ ಕೈಗೆ ಬರುತ್ತದೆ.

ಇದೇ ಮಳೆಯಲ್ಲಿ, ಇದೇ ಊರಿನಲ್ಲಿ, ಇದಕ್ಕೆ ನೇರ ವಿರುದ್ಧವೆಂದು ತೋರುವ ಇನ್ನೊಂದು ಆಚರಣೆಯೂ ಇದೆ. ತುಳುವರ ಆಟಿ ತಿಂಗಳು ಹೆಚ್ಚುಕಡಿಮೆ ಶಾಕವ್ರತದ ದಿನಗಳಲ್ಲೇ ಬರುತ್ತದೆ. ಮಂಗಳೂರಿನ ಮಾರುಕಟ್ಟೆಗಳ ಅಂಚಿನಲ್ಲಿ ಹಳ್ಳಿಯ ಹೆಂಗಸರು ತಜಂಕಿನ (ಚಗಟೆ ಸೊಪ್ಪಿನ) ಕುಡಿ, ಕೆಸುವಿನ ಎಲೆ, ತಿಮರೆ (ಒಂದೆಲಗ), ಕಣಿಲೆ (ಎಳೆ ಬಿದಿರು) ಇವುಗಳನ್ನು ಕಟ್ಟು ಕಟ್ಟಾಗಿ ಇಟ್ಟುಕೊಂಡು ಕೂರುತ್ತಾರೆ. ನಮ್ಮ ಮನೆಯಲ್ಲಿ ಎಲೆಯೊಂದೂ ಒಳಗೆ ಬಾರದ ದಿನಗಳಲ್ಲಿ ನೆರೆಮನೆಯಲ್ಲಿ ಕೆಸುವಿನೆಲೆಯ ಪತ್ರೊಡೆ ಬೇಯುತ್ತಿರುತ್ತದೆ. ಆಟಿ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲೇ ಕಾಡಿಗೆ ಹೋಗಿ, ಲೋಹ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ಹಾಲೆ ಮರದ ತೊಗಟೆ ತಂದು, ಅರೆದು ರಸ ಹಿಂಡಿ, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಮುಳುಗಿಸಿ ಕುಡಿಯುತ್ತಾರೆ. ಕಹಿ ಎಂದರೆ ಕಡು ಕಹಿ. ಅದರ ಉಷ್ಣಕ್ಕೆ ತಂಪಾಗಿ ಮೆಂತೆ ಗಂಜಿ. (ಮರದ ಪರಿಚಯ ಇಲ್ಲದವರು ತಾವಾಗಿ ತೊಗಟೆ ಕೀಳಬಾರದು, ಹಾಲೆಯೆಂದು ತಿಳಿದು ವಿಷದ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಬಲ್ಲವರ ಕೈಯಿಂದಲೇ ಪಡೆಯಬೇಕು.)

ಒಬ್ಬರು ಸೊಪ್ಪನ್ನು ಬಿಟ್ಟು ವ್ರತ ಮಾಡುತ್ತಾರೆ, ಒಬ್ಬರು ಸೊಪ್ಪನ್ನು ಉಂಡು ಆಚರಿಸುತ್ತಾರೆ. ಇವುಗಳಲ್ಲಿ ಯಾವುದು ಸರಿ ಎಂದು ಕೇಳುವವರಿದ್ದಾರೆ. ಗದ್ದೆಯ ಕೆಲಸ ಮುಗಿದು ಕಣಜ ಬರಿದಾಗುವ ಆ ತಿಂಗಳಲ್ಲಿ ಕಾಡು ಕೊಟ್ಟದ್ದನ್ನು ಕೈಮುಗಿದು ಉಣ್ಣುವುದು ಒಂದು ಭಕ್ತಿ. ಇದ್ದದ್ದನ್ನು ದೇವರ ಹೆಸರಿನಲ್ಲಿ ಬಿಟ್ಟು ನಿಲ್ಲುವುದು ಇನ್ನೊಂದು ಭಕ್ತಿ. ಎರಡೂ ಕಡೆ ಊಟ ಮಾಡುವವನಿಗೆ ಇದು ಯಾವ ಕಾಲ, ಈ ಮಣ್ಣು ಈಗ ಏನು ಕೊಡುತ್ತಿದೆ ಎಂಬ ಅರಿವಿದೆ. ಆಷಾಢದಲ್ಲಿ ಯಾವುದೋ ದೇಶದ ಹಣ್ಣನ್ನು ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ತಿನ್ನುವಾಗ ಇಲ್ಲವಾಗುವುದು ಈ ಅರಿವೇ.

ವ್ರತವೆಂದರೆ ದೇಹವನ್ನು ಸೊರಗಿಸುವುದೆಂದು ತಿಳಿದವರಿಗೆ ಛಾಂದೋಗ್ಯ ಉಪನಿಷತ್ತಿನ ಶ್ವೇತಕೇತುವಿನ ಪ್ರಸಂಗವನ್ನು ನೆನಪಿಸಬೇಕು. ತಂದೆ ಉದ್ದಾಲಕರು ಮಗನಿಗೆ, 15 ದಿನ ಏನನ್ನೂ ಉಣ್ಣಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾರೆ. ಅವಧಿ ಮುಗಿದು ಬಂದಾಗ ವೇದಮಂತ್ರಗಳನ್ನು ಹೇಳೆಂದರೆ ಅವನಿಗೆ ಒಂದೂ ನೆನಪಾಗುವುದಿಲ್ಲ. ಉಂಡು ಬಾ ಎಂದು ಕಳುಹಿಸುತ್ತಾರೆ. ಉಂಡು ಬಂದವನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ಉಂಡ ಅನ್ನದ ಸ್ಥೂಲಭಾಗ ಮಲವಾಗಿ ಹೋಗುತ್ತದೆ, ನಡುವಣ ಭಾಗ ಮಾಂಸವಾಗುತ್ತದೆ, ಅತಿ ಸೂಕ್ಷ್ಮವಾದದ್ದು ಮನಸ್ಸಾಗುತ್ತದೆ ಎಂಬುದನ್ನು ಉದ್ದಾಲಕರು ಹೀಗೆ ಅನುಭವದಿಂದಲೇ ತಿಳಿಸಿಕೊಟ್ಟರು. ಬರಿಹೊಟ್ಟೆಯಲ್ಲಿ ವೇದವೂ ನಿಲ್ಲದು ಎಂದಮೇಲೆ, ಮನಸ್ಸಾಗಿ ಪರಿಣಮಿಸುವ ಅನ್ನವನ್ನು ಎಷ್ಟು ಶ್ರದ್ಧೆಯಿಂದ ಆರಿಸಬೇಕು, ಬೇಯಿಸಬೇಕು, ಉಣ್ಣಬೇಕು! ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನನ್ನೂ ಉಣ್ಣದವನಿಗೂ ಇಲ್ಲ ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಕೃಷ್ಣ ಹೇಳಿದ್ದೂ ಇದನ್ನೇ.

ಉಡುಪಿಯ ಕೃಷ್ಣನನ್ನು ಅನ್ನಬ್ರಹ್ಮನೆಂದು ಕರೆಯುತ್ತಾರೆ. ಕೃಷ್ಣಪೂಜೆಯ ಹೊಣೆ ಅಷ್ಟಮಠಗಳಲ್ಲಿ ಸರದಿಯಂತೆ ಸಾಗುವ ಪರ್ಯಾಯದಲ್ಲಿ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪೀಠ ಬದಲಾಗುವಾಗ ಒಬ್ಬ ಯತಿಗಳಿಂದ ಇನ್ನೊಬ್ಬರಿಗೆ ದಾಟುವ ವಸ್ತುಗಳಲ್ಲಿ ಅಕ್ಷಯ ಪಾತ್ರೆಯೂ ಸಟ್ಟುಗವೂ ಇವೆ. ಪರ್ಯಾಯಕ್ಕೆ ಮುನ್ನ ನಡೆಯುವ ಮುಹೂರ್ತಗಳೂ ಬಾಳೆಯದ್ದು, ಅಕ್ಕಿಯದ್ದು, ಕಟ್ಟಿಗೆಯದ್ದು, ಭತ್ತದ್ದು. ದೇವರ ಸೇವೆಯ ಅಧಿಕಾರವನ್ನು ಸಟ್ಟುಗದ ರೂಪದಲ್ಲಿ ಒಪ್ಪಿಸುವ ಕ್ಷೇತ್ರದಲ್ಲಿ ಹುಟ್ಟಿ ಬೆಳೆದು, ಊಟವನ್ನು ಹೊಟ್ಟೆ ತುಂಬಿಸುವ ಕೆಲಸವೆಂದು ಮಾತ್ರ ಕಾಣುವುದು ಹೇಗೆ ಸಾಧ್ಯ? ಭೋಜನಶಾಲೆಯ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎಲೆಗೆ ನೀರು ಚಿಮುಕಿಸಿ ಒರೆಸುವುದು, ಬಡಿಸುವವರು ಸಾಲಿನ ಕೊನೆ ಮುಟ್ಟುವವರೆಗೆ ಕಾಯುವುದು, ಭೋಜನಕಾಲೇ ಹರಿನಾಮಸ್ಮರಣೆ ಎಂಬ ಕೂಗಿಗೆ ಎಲ್ಲರೂ ಗೋವಿಂದಾ ಎನ್ನುವುದು, ಬಲ್ಲವರು ಎಲೆಯ ಸುತ್ತ ನೀರು ಬಿಟ್ಟು ಪಂಚಪ್ರಾಣಗಳಿಗೆ ಐದು ಆಹುತಿ ಕೊಡುವುದು. ಇಷ್ಟೆಲ್ಲ ನಡೆಯುವಷ್ಟರಲ್ಲಿ ಹಸಿವೆಯ ಆತುರ ಇಳಿದು, ಕೈ ತಾನಾಗಿ ಸಣ್ಣ ತುತ್ತನ್ನೇ ಎತ್ತುತ್ತದೆ. ನಮ್ಮೊಳಗೆ ಜಠರಾಗ್ನಿಯಾಗಿರುವ ವೈಶ್ವಾನರನಿಗೆ ಕೊಡುತ್ತಿರುವ ಆಹುತಿ ಇದು ಎಂಬ ಭಾವನೆ ಮೊದಲ ತುತ್ತಿಗಾದರೂ ಬಂದರೆ ಸಾಕು, ಎದುರಿಗೆ ಫೋನಿಟ್ಟುಕೊಂಡು ಉಣ್ಣುವ ಅಭ್ಯಾಸ ಆ ಹೊತ್ತಿನ ಮಟ್ಟಿಗೆ ಬಿದ್ದುಹೋಗುತ್ತದೆ.

ನೈವೇದ್ಯಕ್ಕೆ ಬೆಳ್ತಿಗೆ ಅಕ್ಕಿ (ಭತ್ತವನ್ನು ಬೇಯಿಸದೆ ಮಾಡಿದ್ದು), ಮನೆಯ ಗಂಜಿಗೆ ಕುಚ್ಚಲಕ್ಕಿ ಎಂಬುದು ಕರಾವಳಿಯ ಕ್ರಮ. ಭತ್ತವಾಗಿರುವಾಗಲೇ ಒಮ್ಮೆ ಬೆಂದದ್ದರಿಂದ ಕುಚ್ಚಲಕ್ಕಿ ನೈವೇದ್ಯಕ್ಕೆ ಸಲ್ಲುವುದಿಲ್ಲ. ಆದರೆ ಹಾಗೆ ಹೊಟ್ಟಿನೊಂದಿಗೆ ನೆನೆದು ಬೇಯುವುದರಿಂದಲೇ ತವುಡಿನಲ್ಲಿರುವ ಬಿ ವಿಟಮಿನ್‌ಗಳು ಕಾಳಿನೊಳಕ್ಕೆ ಇಳಿದು ಉಳಿಯುತ್ತವೆ. ದ್ವಾದಶಿಯ ಪಾರಣೆಯಾದ ಮರುದಿನ ಕೆಂಪು ಕುಚ್ಚಲಕ್ಕಿಯ ಬಿಸಿಗಂಜಿಗೆ ತುಪ್ಪ ಹಾಕಿ, ಭರಣಿಯ ಮಾವಿನಕಾಯಿ ನೆಂಚಿಕೊಂಡು ಉಣ್ಣುವಾಗ ದೇಹಕ್ಕೆ ಇದಕ್ಕಿಂತ ಹೆಚ್ಚಿನದು ಬೇಕೆನಿಸುವುದಿಲ್ಲ.

ವ್ರತ ಹದಗೆಡುವ ದಾರಿಗಳೂ ಇವೆ, ಅವನ್ನು ಮುಚ್ಚಿಡಬಾರದು. ಏಕಾದಶಿಯಂದು ಅನ್ನ ಬಿಟ್ಟೆವೆಂದು ಕರಿದದ್ದು, ಸಿಹಿಯಾದದ್ದನ್ನು ಫಲಾಹಾರದ ಹೆಸರಿನಲ್ಲಿ ಮೂರು ಹೊತ್ತು ತಿಂದರೆ ದೇಹಕ್ಕೂ ವಿಶ್ರಾಂತಿಯಿಲ್ಲ, ಮನಸ್ಸಿಗೂ ಇಲ್ಲ. ಮಧುಮೇಹಿಗಳು, ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ವೃದ್ಧರು ವೈದ್ಯರು ಹೇಳಿದ್ದನ್ನು ಉಣ್ಣಲೇಬೇಕು. ಅಶಕ್ತರಿಗೆ ಧರ್ಮಶಾಸ್ತ್ರವೇ ವಿನಾಯಿತಿ ಕೊಟ್ಟಿದೆ, ಅದನ್ನು ಪಡೆಯಲು ಯಾರೂ ಸಂಕೋಚಪಡಬೇಕಿಲ್ಲ. ಇನ್ನು, ಮನೆಯವರೆಲ್ಲ ವ್ರತ ಹಿಡಿದರೂ ಅದರ ಭಾರ ಹೊರುವವರು ಒಲೆಯ ಮುಂದಿರುವವರು. ಇವತ್ತು ಹುಳಿಗೇನು, ಖಾರಕ್ಕೇನು ಎಂದು ಬೆಳಗಿನಿಂದ ಯೋಚಿಸಿ, ಬೇಡದ್ದೊಂದು ಕಾಳೂ ಪಾತ್ರೆಗೆ ಬೀಳದಂತೆ ನೋಡಿಕೊಳ್ಳುವ ಆ ಏಕಾಗ್ರತೆಯನ್ನು ನಾನು ಜಪಕ್ಕಿಂತ ಕಡಿಮೆಯೆಂದು ಎಣಿಸಲಾರೆ. ಉಣ್ಣುವವರು ಎಲೆಯಲ್ಲಿ ಬಿಸಾಡದೆ, ಸಪ್ಪೆಯೆಂದು ಮೂಗು ಮುರಿಯದೆ, ಎದ್ದ ಮೇಲೆ ತಾವೂ ಒಂದು ಪಾತ್ರೆ ತೊಳೆದರೆ ಅದೂ ವ್ರತದಲ್ಲೇ ಸೇರುತ್ತದೆ.

ದಧಿವ್ರತವೂ ಕ್ಷೀರವ್ರತವೂ ಅಷ್ಟು ಕಷ್ಟವಲ್ಲ. ಮೊಸರಿಲ್ಲದ ತಿಂಗಳಲ್ಲಿ ಹಾಲಿದೆ, ಹಾಲಿಲ್ಲದ ತಿಂಗಳಲ್ಲಿ ಮೊಸರಿದೆ. ಬೆಳಗಿನ ಕಾಫಿಗೆ ಅಂಟಿಕೊಂಡವರಿಗೆ ಮಾತ್ರ ಆಶ್ವಯುಜ ಸ್ವಲ್ಪ ಬಿಗಿ. ದ್ವಿದಳವ್ರತದಲ್ಲಿ ಬೇಳೆಯಿಲ್ಲದ ಕಾರಣ ಗಡ್ಡೆಗೆಣಸುಗಳಿಗೆ ಬೆಲೆ ಬರುತ್ತದೆ, ಸುವರ್ಣಗಡ್ಡೆ ಮನೆಮನೆಯಲ್ಲೂ ಬೇಯುತ್ತದೆ. ಕಾರ್ತಿಕದ ಚಳಿ ಮೆಲ್ಲಗೆ ಇಳಿಯುವ ಹೊತ್ತಿಗೆ ಉತ್ಥಾನ ದ್ವಾದಶಿ ಬಂದು, ತುಳಸಿಕಟ್ಟೆಯಲ್ಲಿ ನೆಲ್ಲಿಯ ಕೊಂಬೆ ನೆಟ್ಟು ಪೂಜೆ ಮಾಡುತ್ತೇವೆ. ಮಠದಲ್ಲಿ ಲಕ್ಷದೀಪೋತ್ಸವ ಶುರುವಾಗುತ್ತದೆ.

ಪ್ರತಿ ತಿಂಗಳ ವ್ರತ ಮುಗಿದಾಗ ಒಂದು ಕ್ರಮವಿದೆ. ಬಿಟ್ಟದ್ದನ್ನು ಮೊದಲು ನಾವು ಉಣ್ಣುವಂತಿಲ್ಲ, ಅದನ್ನು ಭಗವಂತನಿಗೆ ಅರ್ಪಿಸಿ ದಾನ ಕೊಡಬೇಕು. ಶಾಕವ್ರತ ಮುಗಿದಾಗ ತರಕಾರಿ, ದಧಿವ್ರತಕ್ಕೆ ಮೊಸರು, ಕ್ಷೀರವ್ರತಕ್ಕೆ ಹಾಲು, ದ್ವಿದಳವ್ರತಕ್ಕೆ ಬೇಳೆಕಾಳು. ಒಂದು ತಿಂಗಳು ನಾಲಿಗೆ ಬಯಸಿದ್ದು ಕಣ್ಣೆದುರಿಗೆ ಬುಟ್ಟಿಯಲ್ಲಿರುತ್ತದೆ: ಎಳೆ ಬೆಂಡೆ, ಹೀರೆ, ಮುಳ್ಳುಸೌತೆ, ಅಲಸಂಡೆ. ಅದರಲ್ಲಿ ಚೆನ್ನಾಗಿರುವುದನ್ನೇ ಆರಿಸಿ, ವೀಳ್ಯ ದಕ್ಷಿಣೆಯೊಂದಿಗೆ ಪುರೋಹಿತರ ಮನೆಗೂ, ಹತ್ತಿರದ ದೇವಸ್ಥಾನದ ಅನ್ನದಾನಕ್ಕೂ ನಾವು ಕಳುಹಿಸುತ್ತೇವೆ. ಬುಟ್ಟಿಯಲ್ಲಿ ಉಳಿದದ್ದನ್ನು ಆ ಮೇಲೆ ಹೆಚ್ಚಲು ಕೂರುತ್ತೇವೆ.