ಮುಕ್ಕಾಲು ಇಂಚಿನ ಲೆಕ್ಕ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ನೂರು ಗಜ ನಡೆದು ಹೋಗಿ ಗುರಿಯ ಕಾಗದ ನೋಡಿದೆ. ಐದು ಗುಂಡು ಹೊಡೆದಿದ್ದೆ. ಕಾಗದದಲ್ಲಿ ಮೂರೇ ತೂತು. ಅದರಲ್ಲೂ ಎರಡು ದುಂಡಗಿರಲಿಲ್ಲ. ಸೌತೆಬೀಜವನ್ನು ದೊಡ್ಡದು ಮಾಡಿ ಅಡ್ಡ ಮಲಗಿಸಿದ ಹಾಗಿದ್ದವು. ಉದ್ದಕ್ಕೆ, ಒಂದು ತುದಿ ಚೂಪು, ಅಂಚಿನ ಸುತ್ತ ಬೂದು ಮಸಿ. ಚಳಿ ಮೈನಸ್ 10 ಡಿಗ್ರಿ. ಕೈಗವಸಿನ ಬೆರಳಲ್ಲಿ ಆ ತೂತನ್ನು ಮುಟ್ಟಿ ಮುಟ್ಟಿ ನೋಡಿದೆ. ಗುಂಡು ಮೂತಿ ಮುಂದೆ ಮಾಡಿ ಬರದೆ ಅಡ್ಡಡ್ಡ ಬಂದು ಬಡಿದಿತ್ತು.

ನಾನಿರುವುದು ಅಮೆರಿಕದ ಕೊಲರಾಡೋದಲ್ಲಿ, ಫೋರ್ಟ್ ಕಾಲಿನ್ಸ್ ಎಂಬ ಊರಲ್ಲಿ. ಹುಟ್ಟೂರು ಕೊಪ್ಪದ ಹತ್ತಿರ. ಕೋವಿ ನಮಗೆ ಹೊಸದಲ್ಲ. ತೋಟಕ್ಕೆ ಬರುವ ಹಂದಿ, ಮಂಗ ಓಡಿಸಲಿಕ್ಕೆ ಅಪ್ಪನ ಹತ್ತಿರ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇದೆ. ಆದರೆ ಅದು ಅಣ್ಣನ ಕೈಗೆ ಹೋಗುತ್ತಿತ್ತೇ ಹೊರತು ನನ್ನ ಕೈಗೆ ಬಂದಿದ್ದು ಒಂದೇ ಸಲ. ಅದೂ ಎಣ್ಣೆ ಒರೆಸಲಿಕ್ಕೆ!

ಇಲ್ಲಿ ರೈಫಲ್ ತಗೊಂಡಿದ್ದು 2024ರ ಏಪ್ರಿಲ್‌ನಲ್ಲಿ. ವೀಸಾದಲ್ಲಿ ಇದ್ದಷ್ಟು ದಿನ ಆ ಯೋಚನೆಯೇ ಇರಲಿಲ್ಲ. ಬೇಟೆಯ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ ನಮ್ಮಂಥ ಕೆಲಸದ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಆ ತೊಡಕು ಹೋಯಿತು. ಪಕ್ಕದ ಮನೆಯ ತಾತ ತನ್ನ ಹಳೇ ರೈಫಲ್ ಮಾರುತ್ತೇನೆ ಅಂದ. ಅಮೆರಿಕ ಅಂದರೆ ತರಕಾರಿ ಕೊಂಡ ಹಾಗೆ ಬಂದೂಕು ಕೊಳ್ಳಬಹುದು ಅಂತ ಊರಲ್ಲಿ ಸುಮಾರು ಜನ ತಿಳಿದಿದ್ದಾರೆ. ಕೊಲರಾಡೋದಲ್ಲಿ ಹಾಗಿಲ್ಲ. ಪಕ್ಕದ ಮನೆಯವರಿಂದ ಕೊಂಡರೂ ಇಬ್ಬರೂ ಅಂಗಡಿಗೆ ಹೋಗಿ, ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮಾಡಿಸಬೇಕು. ಆಮೇಲೆ ಮೂರು ದಿನ ಕಾಯಬೇಕು. ತಮಾಷೆ ಏನೆಂದರೆ, ನನ್ನ ರೈಫಲ್ ಮನೆಗೆ ಬಂದ ವಾರ ಅಪ್ಪನ ಕೋವಿ ಮನೆಯಲ್ಲಿ ಇರಲಿಲ್ಲ. ಲೋಕಸಭೆ ಚುನಾವಣೆ ಅಂತ ಠಾಣೆಗೆ ಒಪ್ಪಿಸಿ ಬಂದಿದ್ದರು.

ರೈಫಲ್ ಜೊತೆಗೆ ತಾತ ಅರ್ಧ ಡಬ್ಬಿ ತೋಟೆಗಳನ್ನೂ ಕೊಟ್ಟಿದ್ದ. ಕ್ಯಾಲಿಬರ್, ಅಂದರೆ ಇಂಚಿನಲ್ಲಿ ಗುಂಡಿನ ದಪ್ಪದ ಲೆಕ್ಕ, .223. ಗುಂಡಿನ ತೂಕ 55 ಗ್ರೇನ್. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿ ಇದ್ದ ಹಾಗೆ ಇವರಿಗೆ ಧಾನ್ಯದ ಕಾಳಿನ ಲೆಕ್ಕ ಇನ್ನೂ ಬಿಟ್ಟಿಲ್ಲ. 55 ಗ್ರೇನ್ ಅಂದರೆ ಸುಮಾರು ಮೂರೂವರೆ ಗ್ರಾಂ. ಅದರಲ್ಲಿ ಹೊಡೆದಾಗ ನೂರು ಗಜದಲ್ಲಿ ಐದು ಗುಂಡು ಒಂದು ಇಂಚಿನೊಳಗೆ ಕೂತವು. ನಮ್ಮ ಕಡೆಯ ಹಳೇ ಒಂದು ರೂಪಾಯಿ ನಾಣ್ಯದಷ್ಟು ಜಾಗ. ಕಲಿಯುವವಳಿಗೆ ಇದಕ್ಕಿಂತ ಏನು ಬೇಕು?

ಅಲ್ಲಿಗೆ ಸುಮ್ಮನಿದ್ದರೆ ಈ ಕಥೆಯೇ ಇಲ್ಲ. ನಾವು ಗುರಿ ಅಭ್ಯಾಸಕ್ಕೆ ಹೋಗುವುದು ಊರ ಪೂರ್ವಕ್ಕಿರುವ ಪಾನೀ ಹುಲ್ಲುಗಾವಲಿಗೆ. ಮರ ಇಲ್ಲದ ಬಯಲು. ಗಾಳಿ ಅಂದರೆ ಗಾಳಿ. ಭಾರದ ಗುಂಡನ್ನು ಗಾಳಿ ಕಡಿಮೆ ಎಳೆಯುತ್ತದೆ ಅಂತ ಅಂಗಡಿಯಲ್ಲಿ ಹೇಳಿದರು. ಮಾತು ಸುಳ್ಳಲ್ಲ. 69 ಗ್ರೇನಿನ ಎರಡು ಡಬ್ಬಿ, 77 ಗ್ರೇನಿನ ಎರಡು ಡಬ್ಬಿ ತಂದೆ. ದುಡ್ಡು ಜಾಸ್ತಿ, ಭಾರ ಜಾಸ್ತಿ, ಹಾಗಾದರೆ ಗುರಿಯೂ ಚೆನ್ನಾಗಿರಬೇಕು ಅಲ್ವಾ? ಅಕ್ಕಿಯಿಂದ ಸೀರೆಯವರೆಗೆ ನಾನು ಮಾಡುವ ತಪ್ಪು ಇದೇ ಅಂತ ನಮ್ಮನೆಯವರು ಹೇಳುತ್ತಿರುತ್ತಾರೆ.

ಆಗಸ್ಟಿನಲ್ಲಿ 69 ಗ್ರೇನ್ ಹೊಡೆದೆ. ಗ್ರೂಪ್, ಅಂದರೆ ತೂತುಗಳು ಹರಡಿದ ಜಾಗ, ಎರಡು ಇಂಚಿಗೆ ಅಗಲವಾಯಿತು. ಬಿಸಿಲು ಅಂದುಕೊಂಡೆ. ಡಿಸೆಂಬರಿನಲ್ಲಿ ಅದೇ ಡಬ್ಬಿಯ ಉಳಿದ ತೋಟೆ ಹಾಕಿದರೆ ನಾಲ್ಕು ಇಂಚು. ಅದಾದ ಮೇಲೆ 77 ತೆಗೆದೆ. ಆಗಲೇ ಆ ಸೌತೆಬೀಜ ಕಂಡಿದ್ದು.

ಮೊದಲ ಅನುಮಾನ ನನ್ನ ಮೇಲೆಯೇ. ಸದ್ದಿಗೆ ಮೊದಲೇ ಮೈ ಬಿಗಿ ಮಾಡುತ್ತಿದ್ದೀನಾ? ಮನೆಯಲ್ಲಿ ಖಾಲಿ ರೈಫಲ್ ಇಟ್ಟುಕೊಂಡು, ನಳಿಗೆಯ ತುದಿಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಕುದುರೆ (ಟ್ರಿಗರ್) ಎಳೆಯುವುದನ್ನು ವಾರವಿಡೀ ಮಾಡಿದೆ. ನಾಣ್ಯ ಬೀಳಲಿಲ್ಲ. ಆಮೇಲೆ ಸ್ಕೋಪಿನ ಸ್ಕ್ರೂ ಬಿಚ್ಚಿ ಮತ್ತೆ ಬಿಗಿ ಮಾಡಿದೆ. ಕಟ್ಟಿಗೆಯ ಹಿಡಿಗೆ ರೈಫಲನ್ನು ಕಚ್ಚಿಸುವ ಎರಡು ಸ್ಕ್ರೂ ನೋಡಿದೆ. ನಳಿಗೆಯೊಳಗೆ ತಾಮ್ರ ಕಟ್ಟಿಕೊಂಡಿರಬಹುದು ಅಂತ ಎರಡು ರಾತ್ರಿ ಉಜ್ಜಿದೆ. ಬಟ್ಟೆಚೂರು ನೀಲಿಯಾಗಿ ಬರುತ್ತಿತ್ತು, ಆಮೇಲೆ ಬೆಳ್ಳಗಾಯಿತು. ಮತ್ತೆ ಬಯಲಿಗೆ ಹೋಗಿ ಹೊಡೆದರೆ ಮತ್ತೆ ಅದೇ. ಇಷ್ಟರಲ್ಲಿ ನಾನು ಮಾಡಿದ ಪೆದ್ದುತನ ಒಂದಿದೆ. 55 ಗ್ರೇನ್ ಮುಗಿದು ಹೋಗಿತ್ತು, ಇನ್ನೊಂದು ಡಬ್ಬಿ ತರಲೇ ಇಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದಿದ್ದನ್ನು ಮತ್ತೆ ಹೊಡೆದು ನೋಡದೆ ರೈಫಲನ್ನೇ ಬಿಚ್ಚುತ್ತಾ ಕೂತೆ. ಗುಂಡು, ಋತು, ಸ್ಕ್ರೂ, ಎಲ್ಲ ಒಟ್ಟಿಗೆ ಬದಲಾದರೆ ತಪ್ಪು ಯಾರದು ಅಂತ ಹೇಗೆ ಹೇಳುವುದು?

ಕೊನೆಗೆ ಆ ಕಾಗದ ಹಿಡಿದುಕೊಂಡು ತಾತನ ಗ್ಯಾರೇಜಿಗೆ ಹೋದೆ. ಅವನು ನಲವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದ ಮನುಷ್ಯ. ಕಾಗದ ನೋಡಿದವನೇ ನಕ್ಕ.

“ತೂತು ದುಂಡಗಿದ್ದು ಚೆಲ್ಲಾಪಿಲ್ಲಿ ಆಗಿದ್ದರೆ ನಿನ್ನನ್ನು ಬೈಯಬಹುದಿತ್ತು. ಗುಂಡು ಅಡ್ಡ ಬಿದ್ದಿದೆ. ಅದನ್ನು ನಿನ್ನ ಕೈ ಮಾಡಲಿಕ್ಕೆ ಆಗಲ್ಲ.”

ಒಂದೇ ಮಾತಿನಲ್ಲಿ ನನ್ನ ಒಂದು ತಿಂಗಳ ಪಾಪಭಾವ ಇಳಿಯಿತು.

ನಳಿಗೆಯ ಬಾಯಿಯ ಅಂಚನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಸವರಿ ನೋಡಿದ. ಎಲ್ಲಾದರೂ ತರಚಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಲಿಲ್ಲ. ಆಮೇಲೆ ಕ್ಲೀನಿಂಗ್ ರಾಡ್ ತೆಗೆದು ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿದ. ಆ ರಾಡಿನ ಹಿಡಿಯಲ್ಲಿ ಬೇರಿಂಗ್ ಇದೆ, ರಾಡ್ ತಾನೇ ತಿರುಗುತ್ತದೆ. ರಾಡಿನ ಮೇಲ್ಭಾಗದಲ್ಲಿ ಪೆನ್ನಿನಲ್ಲಿ ಒಂದು ಗೆರೆ ಎಳೆದ. ಮೆಲ್ಲಗೆ ತಳ್ಳು ಅಂದ. ತಳ್ಳಿದೆ. ಗುಂಡು ತಿರುಗುತ್ತಾ ಹೋಗಲಿ ಅಂತ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ, ಅವನ್ನು ಹಿಡಿದುಕೊಂಡು ರಾಡ್ ತಿರುಗಲು ಶುರುವಾಯಿತು. ಪೆನ್ನಿನ ಗೆರೆ ಪಕ್ಕಕ್ಕೆ ಹೋಯಿತು, ಕೆಳಗೆ ಮರೆಯಾಯಿತು, ಇನ್ನೊಂದು ಪಕ್ಕದಿಂದ ಹತ್ತಿ ಮತ್ತೆ ಮೇಲೆ ಬಂತು. ಅಲ್ಲಿಗೆ ರಾಡ್ ಎಷ್ಟು ಒಳಗೆ ಹೋಗಿದೆ ಅಂತ ಟೇಪ್ ಹಿಡಿದ. 12 ಇಂಚು. ಮೂರು ಸಲ ಮಾಡಿದೆವು, ಕೂದಲೆಳೆ ಆಚೀಚೆ ಅದೇ.

ಅಂದರೆ ಈ ನಳಿಗೆಯಲ್ಲಿ ಗುಂಡು 12 ಇಂಚು ಹೋಗುವಷ್ಟರಲ್ಲಿ ಒಂದು ಸುತ್ತು ಸುತ್ತುತ್ತದೆ. ಕಡಿಮೆ ಅನ್ನಿಸುತ್ತದೆ. ಆದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 3,200 ಅಡಿ. ಅಡಿಗೊಂದು ಸುತ್ತು ಅಂದರೆ ಸೆಕೆಂಡಿಗೆ 3,200 ಸುತ್ತು, ನಿಮಿಷಕ್ಕೆ 1,92,000. ನಮ್ಮ ಅಡುಗೆಮನೆಯ ಮಿಕ್ಸಿ ಎಷ್ಟು ಕಿರುಚಿದರೂ ಇಪ್ಪತ್ತು ಸಾವಿರದ ಆಸುಪಾಸು. ಆದರೂ ಉದ್ದದ ಗುಂಡಿಗೆ ಇದು ಸಾಲುವುದಿಲ್ಲ.

ಬುಗುರಿ ಆಡಿದವರಿಗೆ ಇದು ಗೊತ್ತಿರುತ್ತದೆ. ಗಿಡ್ಡ ಬುಗುರಿ ಸ್ವಲ್ಪ ಚಾಟಿಗೇ ನಿಲ್ಲುತ್ತದೆ. ಉದ್ದ ಕತ್ತಿನದು ಓಲಾಡುತ್ತದೆ, ಅದನ್ನು ನಿಲ್ಲಿಸಬೇಕಾದರೆ ಜೋರಾಗಿ ಬೀಸಬೇಕು. ಗುಂಡಿನ ದಪ್ಪ ಬದಲಾಗುವ ಹಾಗಿಲ್ಲ, ನಳಿಗೆಯ ಅಳತೆಯೇ ಇರಬೇಕು. ಆದ್ದರಿಂದ ಭಾರ ಹೆಚ್ಚಿಸಬೇಕಾದರೆ ಉದ್ದ ಮಾಡಲೇಬೇಕು. ನಾನು ಡಬ್ಬಿಯ ಮೇಲೆ ತೂಕ ಓದುತ್ತಿದ್ದೆ. ನಳಿಗೆ ಉದ್ದ ಓದುತ್ತಿತ್ತು.

ಇದಕ್ಕೆ ಹಳೇ ಸೂತ್ರ ಒಂದಿದೆ. 1879ರಲ್ಲಿ ಜಾರ್ಜ್ ಗ್ರೀನ್‌ಹಿಲ್ ಎಂಬ ಇಂಗ್ಲಿಷ್ ಗಣಿತಜ್ಞ ಕೊಟ್ಟಿದ್ದು. ವೇಗದ ಗುಂಡುಗಳಿಗೆ ಅದನ್ನು ಹೀಗೆ ಬಳಸುತ್ತಾರೆ: ಗುಂಡಿನ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, 180ರಿಂದ ಗುಣಿಸಿ, ಟ್ವಿಸ್ಟಿನಿಂದ, ಅಂದರೆ ಒಂದು ಸುತ್ತಿಗೆ ಬೇಕಾದ ಇಂಚುಗಳಿಂದ, ಭಾಗಿಸು. ಉತ್ತರ, ಆ ನಳಿಗೆ ತಡೆದುಕೊಳ್ಳುವ ಗುಂಡಿನ ಉದ್ದ. ತಾತ ಕರೆಂಟ್ ಬಿಲ್ಲಿನ ಲಕೋಟೆಯ ಹಿಂದೆ ಬರೆದ. 180, 0.224, 0.224, ಕೆಳಗೆ 12. (ಹೆಸರಲ್ಲಿ .223 ಇದ್ದರೂ ಗುಂಡಿನ ನಿಜವಾದ ಅಡ್ಡಳತೆ 0.224 ಇಂಚು.) ಉತ್ತರ 0.75. ಮುಕ್ಕಾಲು ಇಂಚು.

ಅವನು ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುವವನು. ಬಿಡಿ ಗುಂಡುಗಳ ಡಬ್ಬಿಗಳಿದ್ದವು. ಕ್ಯಾಲಿಪರ್‌ನಲ್ಲಿ ಒಂದೊಂದೇ ಅಳೆದೆವು. 55 ಗ್ರೇನ್, 0.74. ಕಷ್ಟಪಟ್ಟು ಒಳಗೆ. 69 ಗ್ರೇನ್, 0.90. 77 ಗ್ರೇನ್, ಹೆಚ್ಚುಕಮ್ಮಿ ಒಂದು ಇಂಚು. ಮೂರನ್ನೂ ಮೇಜಿನ ಮೇಲೆ ನಿಲ್ಲಿಸಿದರೆ ಅಣ್ಣ ತಮ್ಮಂದಿರು ಸಾಲಾಗಿ ಫೋಟೋಗೆ ನಿಂತ ಹಾಗೆ.

“ಹಾಗಾದರೆ 69 ಆಗಸ್ಟಿನಲ್ಲಿ ಪರವಾಗಿಲ್ಲ ಅನ್ನೋ ಹಾಗೆ ಇತ್ತಲ್ಲ?” ಅಂದೆ.

“ಚಳಿ,” ಅಂದ.

ಇದು ನನಗೆ ಬಹಳ ಹಿಡಿಸಿದ ಭಾಗ. ಗುಂಡನ್ನು ಮಗುಚಲು ನೋಡುವುದು ಎದುರಿನ ಗಾಳಿ. ತಣ್ಣಗಿನ ಗಾಳಿ ದಟ್ಟ. ಆಗಸ್ಟಿನ 30 ಡಿಗ್ರಿಗೂ ಡಿಸೆಂಬರಿನ ಮೈನಸ್ 10ಕ್ಕೂ ದಟ್ಟಣೆಯಲ್ಲಿ ಸುಮಾರು 15 ಪರ್ಸೆಂಟ್ ವ್ಯತ್ಯಾಸ. ಫೋರ್ಟ್ ಕಾಲಿನ್ಸ್ ಸಮುದ್ರಮಟ್ಟದಿಂದ 1,500 ಮೀಟರ್ ಮೇಲಿದೆ, ಗಾಳಿ ತೆಳು. ಆ ತೆಳು ಗಾಳಿಯ ದಯೆಯಿಂದ 69 ಗ್ರೇನ್ ಬೇಸಿಗೆಯಲ್ಲಿ ಹೇಗೋ ನಿಂತುಕೊಂಡಿತ್ತು, ಚಳಿಗೆ ತಲೆ ತಿರುಗಿತು. ಇದೇ ತೊಂದರೆ ಅಮೆರಿಕದ ಸೈನ್ಯಕ್ಕೂ ಬಂದಿತ್ತು. ಮುಂದೆ ಎಂ16 ಎಂಬ ಹೆಸರಿನ ಸೈನ್ಯದ ರೈಫಲ್ ಆಗಿದ್ದಕ್ಕೆ ಮೊದಲು ಇದ್ದಿದ್ದು 14 ಇಂಚಿಗೆ ಒಂದು ಸುತ್ತು. ಕಡುಚಳಿಯಲ್ಲಿ ಗುಂಡು ಓಲಾಡುತ್ತದೆ ಅಂತ 1960ರ ದಶಕದ ಆರಂಭದಲ್ಲಿ 12ಕ್ಕೆ ತಂದರು. 1980ರ ದಶಕದಲ್ಲಿ ಬಂದ ಅದರ ಹೊಸ ಮಾದರಿ ಎಂ16ಎ2ನಲ್ಲಿ 7ಕ್ಕೆ ಇಳಿಸಿದರು. ಹೊಸ 62 ಗ್ರೇನಿನ ಗುಂಡಿಗಿಂತ ಹೆಚ್ಚಾಗಿ, ಬೆಂಕಿಗೆರೆ ಎಳೆಯುತ್ತಾ ಹೋಗುವ ಟ್ರೇಸರ್ ಗುಂಡು ಉದ್ದ ಇತ್ತು, ಅದಕ್ಕಾಗಿ.

ಇನ್ನೊಂದು ಮಾತು, ಕ್ಯಾಲಿಫೋರ್ನಿಯಾ ಕಡೆ ಇರುವವರಿಗೆ. ಅಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಬರೀ ತಾಮ್ರದ ಗುಂಡು ಹಾಕುತ್ತಾರೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತದೆ. ಹಳೇ ರೈಫಲಿಗೆ ಅದೇ ತೂಕ ಅಂತ ನಂಬಿ ಹಾಕಿದರೆ ಸೌತೆಬೀಜ ಅಲ್ಲೂ ಮೊಳೆಯಬಹುದು.

ಜನವರಿಯಲ್ಲಿ ಎರಡು ಪರೀಕ್ಷೆ ಮಾಡಿದೆ. ಹೊಸ 55 ಗ್ರೇನ್ ಡಬ್ಬಿ ತಂದು, ಅದೇ ಚಳಿಯಲ್ಲಿ, ಅದೇ ಬೆಂಚಿನಿಂದ ಐದು ಗುಂಡು. ಒಂದು ಇಂಚಿಗಿಂತ ಕೂದಲಷ್ಟು ಜಾಸ್ತಿ, ಎಲ್ಲ ದುಂಡಗೆ. ಆಮೇಲೆ ಉಳಿದ 77 ಗ್ರೇನನ್ನು ಆಫೀಸಿನ ಗೆಳತಿಯ ಕೈಗೆ ಕೊಟ್ಟೆ. ಅವಳ ರೈಫಲ್ 7 ಇಂಚಿಗೆ ಒಂದು ಸುತ್ತಿನದು. ನನ್ನ ಹತ್ತಿರ ಅಡ್ಡ ಮಲಗಿದ್ದ ಅದೇ ಡಬ್ಬಿಯ ಗುಂಡು ಅವಳ ಕಾಗದದಲ್ಲಿ ಪೋಣಿಸಿದ ಹಾಗೆ ಒಂದರ ಪಕ್ಕ ಒಂದು. ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ಸೌತೆಬೀಜದ ಕಾಗದದ ಫೋಟೋವನ್ನು ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಸಂಜೆ ಫೋನ್ ಮಾಡಿದರು. ಗೀರು, ಸುತ್ತು, ಉದ್ದ, ಚಳಿ ಎಲ್ಲ ವಿವರಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡರು.

“ಅದರಲ್ಲಿ ಜಿಂಕೆ ಗಿಂಕೆ ಹೊಡೀಬಹುದಾ?”

“ಇಲ್ಲ ಅಪ್ಪ. ಇಲ್ಲಿ ಜಿಂಕೆಗೆ .24ಕ್ಕಿಂತ ಸಣ್ಣ ಕ್ಯಾಲಿಬರ್ ಆಗಲ್ಲ. ಇದು .22 ಲೆಕ್ಕಕ್ಕೆ ಬರುತ್ತೆ.”

“ಮತ್ತೆ ಎಂಥಕ್ಕೆ ಮಾರಾಯ್ತಿ ಇಷ್ಟೆಲ್ಲ ಲೆಕ್ಕ? ನಮ್ಮ ಕೋವಿ ನಳಿಗೆ ಒಳಗೆ ಗೀರೇ ಇಲ್ಲ. ಅದಕ್ಕೇ ಒಂದು ಈಡಿಗೆ ಅಷ್ಟು ಚರೆ ತುಂಬೋದು, ಯಾವುದಾದ್ರೂ ಒಂದು ತಾಗ್ಲಿ ಅಂತ.”

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, ಆ ರಾಡಿಗೆ ಬಟ್ಟೆ ಸುತ್ತಿ ಅಳೆಯೋದು ಹೇಗೆ ಅಂದ್ಯಲ್ಲ, ಇನ್ನೊಂದು ಸಲ ಹೇಳು.