ಗಾಡಿ ಬಂದ್ ಮಾಡ್ಲೋ ಬ್ಯಾಡೋ

ಹೋದ ಜನವರಿಯಲ್ಲಿ ಒಂದು ರಾತ್ರಿ 11.30ಕ್ಕೆ ಇಂಗ್ಲೆಂಡಿನಿಂದ ತಮ್ಮನ ಫೋನ್ ಬಂತು. ಅಲ್ಲಿ ಸಂಜೆ ಆರು ಗಂಟೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಅವ್ವ ಎದ್ದು ಕೂತುಬಿಡುತ್ತಾಳೆ. ಅದಕ್ಕೇ ಸ್ಪೀಕರ್ ಹಾಕಿದೆ.

"ಅಣ್ಣಾ, ಗಾಡಿ ಚಾಲೂನ ಆಗವಲ್ದು."

"ಇಷ್ಟ ಹೌದಲ್ಲ" ಅಂದು ಅವ್ವ ಹೊದ್ದು ಮಲಗಿದಳು. ನನ್ನ ನಿದ್ದೆ ಹಾರಿತು.

ಅವನದು ಎಲ್ಲರ ಹಾಗಿನ ಗಾಡಿಯಲ್ಲ. ಸೆಕೆಂಡ್ ಹ್ಯಾಂಡ್ ಜಪಾನಿ ಸ್ಪೋರ್ಟ್ಸ್ ಕಾರು, ಒಳಗೆ ರೋಟರಿ ಎಂಜಿನ್. ನಾನು ಇಪ್ಪತ್ತೆರಡು ವರ್ಷದಿಂದ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗ್ ಮಾಡಿಕೊಂಡು ಬಂದವನು. ಪಿಸ್ಟನ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ವಾಲ್ವ್ ಇಲ್ಲ, ಆದರೂ ಅದು ಎಂಜಿನ್ ಅಂದರೆ ಒಪ್ಪಲು ನನಗೆ ಬಹಳ ದಿನ ಹಿಡಿಯಿತು. ಜಗತ್ತೆಲ್ಲ ಇದೇ ಗಾಡಿ ತಗೊಂಡಿದ್ದರೆ ನಮ್ಮ ಸಾಲಿನ ಅರ್ಧ ಶೆಡ್ಡುಗಳಿಗೆ ಬೀಗ ಬೀಳುತ್ತಿತ್ತು.

ಆಗಿದ್ದು ಇಷ್ಟೇ. ಬೆಳಿಗ್ಗೆ ಪಕ್ಕದ ಮನೆಯವರ ವ್ಯಾನ್ ಹೊರಗೆ ಬರಬೇಕಿತ್ತು. ಇವನು ತನ್ನ ಕಾರು ಚಾಲೂ ಮಾಡಿ, ಹತ್ತು ಮೀಟರ್ ಹಿಂದಕ್ಕೆ ತಂದು, ರಸ್ತೆ ಪಕ್ಕ ನಿಲ್ಲಿಸಿ, ಕೀ ತಿರುಗಿಸಿ ಒಳಗೆ ಹೋದ. ಸಂಜೆ ಬಂದು ನೋಡಿದರೆ ಚಾಲೂ ಆಗುತ್ತಿಲ್ಲ.

"ಫೋನ್ ಬಾನೆಟ್ ಹತ್ರ ಹಿಡಿದು ಸೆಲ್ಫ್ ಹೊಡಿ" ಅಂದೆ.

ಹೊಡೆದ. ನಮ್ಮ ಗಾಡಿಗಳು ಸೆಲ್ಫ್ ಹೊಡೆದಾಗ ಗುಂ-ಗುಂ-ಗುಂ ಅಂತ ಒಂದು ಏರಿಳಿತ ಇರುತ್ತದಲ್ಲ, ಅದು ಕಂಪ್ರೆಷನ್. ಪಿಸ್ಟನ್ ಗಾಳಿಯನ್ನ ಒತ್ತುವಾಗ ಮೋಟರಿಗೆ ಬೀಳುವ ಭಾರ. ಇವನ ಗಾಡಿಯಲ್ಲಿ ಏರಿಳಿತವೇ ಇಲ್ಲ. ಹೊಲಿಗೆ ಮಷಿನ್ ತರಹ ಒಂದೇ ಸಮನೆ ಸರ್ರ್ ಅಂತ ತಿರುಗುತ್ತಿತ್ತು. ಒಳಗೆ ಏನೂ ಹಿಡಿತ ಇಲ್ಲ.

"ಪೆಟ್ರೋಲ್ ಕುಡದೈತಿ ಅದು. ಇನ್ನ ಹೊಡಿಬ್ಯಾಡ."

ಪೆಟ್ರೋಲ್ ಕುಡಿಯುವುದು ನಮ್ಮ ಮನೆಗೆ ಹೊಸದಲ್ಲ. ಅಪ್ಪನ ಪದ್ಮಿನಿ ಕಾರು ಜುಲೈ ಮಳೆಯಲ್ಲಿ ವಾರಕ್ಕೊಮ್ಮೆಯಾದರೂ ಓವರ್‌ಫ್ಲೋ ಆಗುತ್ತಿತ್ತು. ಚೋಕ್ ಜಾಸ್ತಿ ಎಳೆದರೆ ಆಯಿತು, ಓಣಿ ತುಂಬ ಪೆಟ್ರೋಲ್ ವಾಸನೆ. ಅಪ್ಪ ಗಡಿಬಿಡಿ ಮಾಡುತ್ತಿರಲಿಲ್ಲ. ಪ್ಲಗ್ ಬಿಚ್ಚಿ, ಒರೆಸಿ, ಕಟ್ಟೆ ಮೇಲೆ ಇಟ್ಟು, ಒಂದು ಕಪ್ ಚಹಾ ಕುಡಿದು ಬಂದು ಮತ್ತೆ ಹಾಕುತ್ತಿದ್ದ. ಅಷ್ಟರಲ್ಲಿ ಒಳಗಿನ ಪೆಟ್ರೋಲ್ ಆರಿರುತ್ತಿತ್ತು.

ರೋಟರಿಗೆ ಚಹಾ ಕುಡಿದು ಬಂದರೆ ಸಾಲುವುದಿಲ್ಲ. ಯಾಕೆ ಅಂತ ತಿಳಿಯಲು ನಾನು ಆಮೇಲೆ ನಾಲ್ಕು ದಿನ ರಾತ್ರಿ ಅದರ ಡ್ರಾಯಿಂಗ್‌ಗಳನ್ನ ನೋಡುತ್ತಾ ಕೂತೆ. ಶೇಂಗಾಕಾಯಿಯ ಹಾಗೆ ನಡು ಸ್ವಲ್ಪ ಒಳಕ್ಕೆ ಹೋದ ಒಂದು ಮನೆ. ಅದರೊಳಗೆ ಮೂರು ಮೂಲೆಯ ರೋಟರ್. ಅದು ಒಂದು ಸುತ್ತು ಬಂದರೆ ನಡುವಿನ ಶಾಫ್ಟ್ ಮೂರು ಸುತ್ತು. ಪಿಸ್ಟನ್ನಿಗೆ ರಿಂಗ್ ಇದ್ದ ಹಾಗೆ ರೋಟರಿನ ಪ್ರತಿ ಮೂಲೆಗೂ ಒಂದು ಸಣ್ಣ ಪಟ್ಟಿ, ಅದಕ್ಕೆ ಏಪೆಕ್ಸ್ ಸೀಲ್ ಅಂತಾರೆ. ಆ ಪಟ್ಟಿ ಮತ್ತು ಗೋಡೆಯ ನಡುವೆ ತೆಳ್ಳಗೆ ಆಯಿಲ್ ಇದ್ದರೇ ಗಾಳಿ ಸರಿಯಾಗಿ ನಿಲ್ಲುವುದು. ಆ ಆಯಿಲ್ಲನ್ನ ಒಂದು ಸಣ್ಣ ಪಂಪ್ ಬೇಕಂತಲೇ ಒಳಗೆ ಬಿಡುತ್ತದೆ. ಹಾಗಾಗಿ ಹೊಸ ಗಾಡಿ ಕೂಡ ಸ್ವಲ್ಪ ಆಯಿಲ್ ಸುಡುತ್ತದೆ. ನಮ್ಮಲ್ಲಿ ಆಯಿಲ್ ಸುಟ್ಟರೆ ರಿಂಗ್ ಹೋಯಿತು ಅಂತ ಗಾಡಿ ರಿಪೇರಿಗೆ ಬರುತ್ತದೆ!

ಎಂಜಿನ್ ತಣ್ಣಗಿದ್ದಾಗ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಆ ಹೊತ್ತಿಗೇ ಬಂದ್ ಮಾಡಿದರೆ ಸುಡದ ಪೆಟ್ರೋಲ್ ಒಳಗೇ ಉಳಿದು, ಗೋಡೆ ಮೇಲಿನ ಆಯಿಲ್ಲನ್ನ ತೊಳೆದುಬಿಡುತ್ತದೆ. ಪ್ಲಗ್ಗುಗಳೂ ನೆನೆಯುತ್ತವೆ. ಮುಂದಿನ ಸಲ ಸೆಲ್ಫ್ ಹೊಡೆದರೆ ಕಂಪ್ರೆಷನ್ ಇಲ್ಲ, ಕಿಡಿ ಸರಿ ಇಲ್ಲ. ಹೊಡೆದಷ್ಟೂ ಮೇಲಿಂದ ಇನ್ನಷ್ಟು ಪೆಟ್ರೋಲ್ ಬಿದ್ದು ಸಮಸ್ಯೆ ಜಾಸ್ತಿ. ಕಾರಿನ ತಪ್ಪಲ್ಲ ಇದು, ಅದರ ಸ್ವಭಾವ. 1991ರಲ್ಲಿ ನಾಲ್ಕು ರೋಟರಿನ ಮಾಜ್ದಾ ಲೆ ಮಾನ್ಸ್‌ನ 24 ಗಂಟೆಯ ರೇಸನ್ನೇ ಗೆದ್ದಿತ್ತು. ಹಗಲು ರಾತ್ರಿ ಓಡು ಅಂದರೆ ಓಡುತ್ತದೆ. ಹತ್ತು ಮೀಟರ್ ಓಡಿಸಿ ಸಾಕು ಅಂದರೆ ಮುನಿಸು.

ಆ ರಾತ್ರಿ ಮಾಡಿಸಿದ್ದು ಹೀಗೆ. ಮೊದಲು ಪಕ್ಕದ ಮನೆಯ ವ್ಯಾನಿನಿಂದ ಬ್ಯಾಟರಿಗೆ ಕೇಬಲ್ ಹಚ್ಚಿಸಿದೆ. ವ್ಯಾನಿನವರು ಪಾಪ ತಮ್ಮಿಂದಲೇ ಆಯಿತು ಅನ್ನುವ ಹಾಗೆ ಓಡಿ ಬಂದರಂತೆ. ಆಮೇಲೆ ಎಕ್ಸಲೇಟರ್ ಪೂರಾ ಒತ್ತಿ ಹಿಡಿದು ಸೆಲ್ಫ್ ಹೊಡೆಯಲು ಹೇಳಿದೆ. ಹಾಗೆ ಒತ್ತಿದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಒಳಗೆ ಬಿಡುತ್ತದೆ. ಐದಾರು ಸೆಕೆಂಡು ಹೊಡಿ, ಬಿಡು, ಮೋಟರ್ ತಣ್ಣಗಾಗಲಿ, ಮತ್ತೆ ಹೊಡಿ. ಆಗದಿದ್ದರೆ ನಾಲ್ಕೂ ಪ್ಲಗ್ ಬಿಚ್ಚಿಸುವುದೇ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಅಲ್ಲಿಯ ಚಳಿಯಲ್ಲಿ, ಕತ್ತಲಲ್ಲಿ, ಇವನ ಕೈಯಲ್ಲಿ! ಐದನೇ ಸಲಕ್ಕೆ ಒಂದೆರಡು ಕೆಮ್ಮಿತು. ಏಳನೇ ಸಲಕ್ಕೆ ಹಿಡಿಯಿತು. ಬೀದಿ ತುಂಬ ಬಿಳಿ ಹೊಗೆ ಎದ್ದು, ಎದುರು ಮನೆಯ ಅಜ್ಜಿ ಕಿಟಕಿ ತೆರೆದು ನೋಡಿದರಂತೆ.

"ಈಗ ಅರ್ಧ ತಾಸು ಓಡಿಸು. ನಡುವ ಎಲ್ಲಿಯೂ ಬಂದ್ ಮಾಡಬ್ಯಾಡ" ಅಂದೆ. ಹೇಳಿದ ಮೇಲೆ ನನಗೇ ನಗು ಬಂತು.

ಯಾಕಂದರೆ ಬಂದ್ ಮಾಡುವುದನ್ನ ಅವನಿಗೆ ಕಲಿಸಿದ್ದೇ ನಾನು. ನಮ್ಮ ಮನೆ ಇರುವುದು ಟಿಳಕವಾಡಿ ಫಸ್ಟ್ ಗೇಟ್ ಹತ್ತಿರ. ಗೇಟು ಬಿತ್ತೋ, ಗಾಡಿ ಬಂದ್. ರೈಲು ಹೋಗುವತನಕ ಸುಮ್ನೆ ಪೆಟ್ರೋಲ್ ಯಾಕೆ ಸುಡಬೇಕು? ಡ್ರೈವಿಂಗ್ ಕಲಿಸುವಾಗ ಕ್ಲಚ್ಚಿಗಿಂತ ಮೊದಲು ಇದನ್ನೇ ಹೇಳಿದ್ದೆ. ಆ ರೋಟರಿ ಏನಾದರೂ ಬೆಳಗಾವಿಗೆ ಬಂದಿದ್ದರೆ, ಮನೆ ಬಿಟ್ಟ ಎರಡನೇ ನಿಮಿಷಕ್ಕೆ ಗೇಟಿನ ಮುಂದೆ ಬಂದ್ ಆಗಿ ಅಲ್ಲೇ ಉಳಿಯುತ್ತಿತ್ತು. ಹಿಂದಿನವರ ಹಾರನ್ ಬೇರೆ.

ಅಂದಿನಿಂದ ವಾರಕ್ಕೆರಡು ಮೆಸೇಜ್. "ಹಾಲು ತರಾಕ ಬಂದೇನಿ, ಬಂದ್ ಮಾಡ್ಲೋ ಬ್ಯಾಡೋ?" ನಾನು ಶಾಪಿನಲ್ಲಿ ಮಷಿನ್ ಪಕ್ಕ ನಿಂತು ಉತ್ತರ ಹೊಡೆಯುತ್ತೇನೆ: ಎಷ್ಟು ಹೊತ್ತು ಓಡಿಸಿದಿ? ಬಿಸಿ ಮುಳ್ಳು ಎಲ್ಲೈತಿ? ಮುಳ್ಳು ನಡುವಿಗೆ ಬಂದಮೇಲೂ ನಾಲ್ಕು ನಿಮಿಷ ಓಡಿಸು. ಬಂದ್ ಮಾಡಲೇಬೇಕಂದರೆ 3,000 ಆರ್‌ಪಿಎಂಗೆ ಹತ್ತು ಸೆಕೆಂಡು ಹಿಡಿದು ಆಮೇಲೆ ಮಾಡು. ಎಲ್ಲಕ್ಕಿಂತ ಒಳ್ಳೇದು, ಹಾಲಿಗೆ ನಡಕೊಂಡು ಹೋಗು. ಈ ಕೊನೇ ಮಾತಿಗೆ ಮಾತ್ರ ಅವನು ಉತ್ತರ ಕೊಡುವುದಿಲ್ಲ.

ಮೇ ತಿಂಗಳಲ್ಲಿ ರಜೆಗೆ ಬಂದಿದ್ದ. ಅವ್ವ ಕೊತ್ತಂಬರಿ, ಮೆಣಸಿನಕಾಯಿ ತಾ ಅಂದಳು. ನಮ್ಮ ವ್ಯಾಗನ್ ಆರ್ ತಗೊಂಡು ಗೋವಾವೇಸ್ ತನಕ ಹೋಗಿ ಬಂದ. ಗಾಡಿ ಅಂಗಳಕ್ಕೆ ಬಂದ ಸಪ್ಪಳ ಕೇಳಿತು. ಮನುಷ್ಯ ಒಳಗೆ ಬರಲಿಲ್ಲ. ಎರಡು ನಿಮಿಷ ಆಯಿತು, ಮೂರಾಯಿತು. ಎಂಜಿನ್ ನಡೆದೇ ಇದೆ.

ಅವ್ವ ಕಿಟಕಿಯಿಂದ ಇಣುಕಿದಳು. "ಯಾಕೋ, ಇಳಿಯವಲ್ಲ ಅಂವ? ನನ್ನ ಮ್ಯಾಲೆ ಸಿಟ್ಟಾಗ್ಯಾನೇನು?"

ಹೊರಗೆ ಹೋದೆ. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ಮೀಟರ್ ಮೇಲೆ. ತೊಡೆಯ ಮೇಲೆ ಕೊತ್ತಂಬರಿ ಕಟ್ಟು. ಕಿಟಕಿಯಲ್ಲಿ ಕೈ ಹಾಕಿ ಕೀ ನಾನೇ ತಿರುಗಿಸಿದೆ.